ಇಳಿಸದ ದೀಪ

ವರ್ಷದ ಮೊದಲ ಕಾಫಿ ಹಣ್ಣು ಸಿಪ್ಪೆ ಸುಲಿಯುವ ಪಲ್ಪರಿಗೆ ಬೀಳುವ ದಿನ, ಯಂತ್ರದ ಮುಂದೆ ತೂಗುವ ದೀಪವನ್ನು ಹಚ್ಚುವುದು ದಯಾನಂದನ ಪಾಲಿನ ಕೆಲಸ. ತೋಟದ ಸಾವ್ಕಾರ್ ಓಂಕಾರಮೂರ್ತಿಯವರಿಗೆ ಬೆಳೆದ ಮಗನಿದ್ದ, ಸೊಸೆಯಿದ್ದಳು, ಮೇಸ್ತ್ರಿಯಿದ್ದ. ಆದರೂ ಬೆಂಕಿಪೊಟ್ಟಣ ದಯಾನಂದನ ಕೈಗೇ ಬರುತ್ತಿತ್ತು, ಅವನು ಐದು ವರ್ಷದವನಿದ್ದಾಗಿನಿಂದಲೂ. "ದಯಾನಂದ ಬರ್ಲಿ" ಎಂದು ಸಾವ್ಕಾರ್ರ ಹೆಂಡತಿ ಸಿದ್ದಗಂಗಮ್ಮ ಮಂಗಳಾರತಿ ತಟ್ಟೆ ಹಿಡಿದು ಕಾಯುತ್ತಿದ್ದರು. ಕೂಲಿಯಾಳುಗಳ ಲೈನ್ ಮನೆಯ ಹುಡುಗನಿಗೆ ಇಂಥ ಮರ್ಯಾದೆ ಅತ್ತಿಗುಂಡಿ ಸುತ್ತಿನ ಬೇರಾವ ತೋಟದಲ್ಲೂ ಇಲ್ಲವೆಂದು ಅವನು ಒಳಗೊಳಗೇ ಬೀಗಿದ್ದ.

ಈಗ ಅವನು ಅದೇ ತೋಟದ ಲೆಕ್ಕ ಬರೆಯುವ ರೈಟರ್. ಹಗಲು ಕೆಲಸ ಮಾಡಿ, ಸಂಜೆ ಬಸ್ಸು ಹಿಡಿದು ಚಿಕ್ಕಮಗಳೂರಿನ ಸಂಜೆ ಕಾಲೇಜಿನಲ್ಲಿ ಬಿ.ಎ. ಮುಗಿಸಿದವನು. ಹಾಗಾಗಿ ಸಾವ್ಕಾರ್ರ ಮಗ ರುದ್ರೇಶ್ ಪ್ರವಾಸಿಗರ ರಸ್ತೆಯಲ್ಲಿ ಕಾಫಿ ಪುಡಿ ಅಂಗಡಿ ತೆರೆಯಲು ಹೊರಟು, ಪ್ಯಾಕೆಟ್ ಜೊತೆ ಮನೆತನದ ಚರಿತ್ರೆಯ ಒಂದು ಪುಸ್ತಕ ಕೊಡೋಣ ಎಂದಾಗ, ಬರೆಯುವ ಕೆಲಸ ಅವನ ಹೆಗಲಿಗೆ ಬಿತ್ತು.

"ನಾಲ್ಕು ತಲೆಮಾರು, ಹದಿನಾರು ಪುಟ. ಓದಿದ್ರೆ ಕಾಫಿ ಘಮ ಬರ್ಬೇಕು ಮಾರಾಯ. ಮೇಲೆ ನಿನ್ನ ಹೆಸರೇ ಹಾಕ್ಸ್ತೀನಿ," ಎಂದಿದ್ದ ರುದ್ರೇಶ್.

ದಯಾನಂದ ಒಂದೊಂದು ವಾಕ್ಯವನ್ನೂ ಮೂರು ಸಲ ಬರೆದ. ಇಸವಿ ತಪ್ಪೀತೆಂದು ಹಳೆಯ ಕಾಗದಗಳನ್ನೆಲ್ಲ ತೆಗೆಸಿ ನೋಡಿದ. ಸಾವ್ಕಾರ್ರ ಅಜ್ಜ ಬಯಲುಸೀಮೆಯಿಂದ ಗಾಡಿಯಲ್ಲಿ ಉಪ್ಪು ಮೆಣಸಿನಕಾಯಿ ತಂದು ವಸ್ತಾರೆಯಲ್ಲಿ ಅಂಗಡಿ ಹಾಕಿದ್ದು, ಅಪ್ಪ ಗುಡ್ಡ ಕೊಂಡು ಸಿಲ್ವರ್ ಓಕ್ ನೆಟ್ಟಿದ್ದು, ಕುದುರೆಮುಖದಲ್ಲಿ ಗಣಿ ನಡೆಯುತ್ತಿದ್ದಾಗ ಅಲ್ಲಿಯ ಅಂಗಡಿಗಳಿಗೆ ಪುಡಿ ಕಳಿಸಿದ್ದು, ಎಲ್ಲವೂ ಹೇಗೋ ಕೂತವು. ಪೆನ್ನು ನಿಂತದ್ದು ಹನ್ನೊಂದನೆಯ ಪುಟದಲ್ಲಿ. ೧೯೯೪. ಸಾವ್ಕಾರ್ರು ದೊಡ್ಡ ಪಲ್ಪರ್ ಹಾಕಿಸಿದ ವರ್ಷ. ಅದೇ ಪಲ್ಪರ್ ಮನೆಯಲ್ಲಿ ದಯಾನಂದನ ಅಪ್ಪ ಗಿಡ್ಡಪ್ಪ ಎದೆನೋವು ಬಂದು ತೀರಿಕೊಂಡ ವರ್ಷ.

ಅಪ್ಪನ ಹೆಸರನ್ನೂ ಒಂದು ಸಾಲಿನಲ್ಲಿ ಸೇರಿಸಬೇಕೆಂದು ಅವನಿಗೆ ಆಸೆ. ತಾರೀಕು ಕೇಳೋಣವೆಂದು ಭಾನುವಾರ ಬೆಳಿಗ್ಗೆ ಅವ್ವನ ಹತ್ತಿರ ಕೂತ. ತಂಗಮ್ಮ ಹರಿದ ಗೋಣಿಚೀಲಕ್ಕೆ ಹೊಲಿಗೆ ಹಾಕುತ್ತಿದ್ದಳು. ಅವಳಿಗೆ ಅಕ್ಷರ ಬಾರದು. ಬಸ್ಸಿನ ಬೋರ್ಡಿನಿಂದ ಹಿಡಿದು ಮಾತ್ರೆ ಚೀಟಿಯವರೆಗೆ ಎಲ್ಲವನ್ನೂ ಓದಿ ಹೇಳುವುದು ದಯಾನಂದನ ಮಗಳು, ನಾಲ್ಕನೇ ಕ್ಲಾಸಿನ ಕವನಾ.

"ಎದೆನೋವು ಅಂತ ಯಾರಂದ್ರು ನಿಂಗೆ?" ಎಂದಳು ತಂಗಮ್ಮ.

"ನೀನೇ ಅಲ್ವನವ್ವ?"

"ನಾಲ್ಕು ವರ್ಷದ ಕೂಸಿಗೆ ಮತ್ತೇನ್ ಹೇಳ್ಲಿ? ದೊಡ್ಡವನಾದ್ಮೇಲೆ ನೀ ಕೇಳ್ಲಿಲ್ಲ."

ಹೌದು, ಅವನು ಕೇಳಿರಲಿಲ್ಲ. ಈಗ ಅವಳೇ ಹೇಳಿದಳು.

ಪಲ್ಪರಿನ ಕೊಳಕು ನೀರು ಹೋಗಿ ನಿಲ್ಲುವ ಗುಂಡಿಯ ಕೊಳವೆ ಅಂದು ಕಟ್ಟಿಕೊಂಡಿತ್ತು. ಚಪ್ಪಡಿ ಮುಚ್ಚಿದ ಗುಂಡಿ. ಒಳಗೆ ಸಿಪ್ಪೆ ಕೊಳೆತು ಗಾಳಿ ಕೆಟ್ಟಿರುತ್ತದೆ. ಬಾವಿಗಾಗಲಿ ಗುಂಡಿಗಾಗಲಿ ಆಳು ಇಳಿಯುವ ಮೊದಲು ಹಗ್ಗಕ್ಕೆ ಲಾಟೀನು ಕಟ್ಟಿ ಇಳಿಸುವುದು ಹಿಂದಿನವರ ರೂಢಿ. ದೀಪ ಉರಿದರೆ ಇಳಿಯಬಹುದು, ಆರಿದರೆ ಯಾರೂ ಇಳಿಯಕೂಡದು.

"ಅವತ್ತು ದೀಪ ಇಳಿಸ್ಲಿಲ್ಲ ಮಗ. ಆಳನ್ನೇ ಇಳಿಸಿದ್ರು. ನೀ ಅಷ್ಟು ಬರಿ. ಬೈಯೋದು ಬ್ಯಾಡ, ಶಾಪ ಬ್ಯಾಡ. ದೀಪ ಇಳಿಸ್ಲಿಲ್ಲ ಅಂತ ಒಂದ್ ಸಾಲು. ನಿನ್ನ ಓದಿಸಿದ್ದಕ್ಕೆ ಅಷ್ಟು ಸಾಕು ನಂಗೆ."

ಒಬ್ಬರ ಮಾತನ್ನಷ್ಟೇ ಕೇಳಿ ಬರೆಯುವುದು ತಪ್ಪೇನೋ ಎಂಬ ಅಳುಕು ಅವನಿಗೆ. ಮರುದಿನ ಕಣದಲ್ಲಿ ಕೂತು ಹಣ್ಣಿನಿಂದ ಕಡ್ಡಿ ಆರಿಸುತ್ತಿದ್ದ ಸಿದ್ದಗಂಗಮ್ಮನವರ ಬಳಿ ಹೋಗಿ, ತಲೆ ತಗ್ಗಿಸಿಕೊಂಡೇ ಕೇಳಿದ. ಅವರ ಕೈ ನಿಂತಿತು.

"ಲಾಟೀನಲ್ಲಿ ಸೀಮೆಎಣ್ಣೆ ಇರ್ಲಿಲ್ಲ. ತೂಗುದೀಪ ಕೊಡಿ ಅಮ್ಮಾರೇ, ಇಳಿಸಿ ನೋಡ್ತೀನಿ ಅಂದ ಗಿಡ್ಡಪ್ಪ. ಆಗಷ್ಟೇ ಪೂಜೆ ಮಾಡಿದ್ದೆ. ದೇವರ ದೀಪ ಕೊಳಚೆಗೆ ಇಳಿಸಬಾರ್ದು ಅಂದೆ ನಾನು. ಐದು ನಿಮಿಷದ ಕೆಲಸ, ಇಳಿಯೋ ಅಂದ್ರು ಇವ್ರು. ಅವ್ನು ಒಂದ್ಸಲ ನನ್ನ ಮುಖ ನೋಡ್ದ. ಆಮೇಲೆ ಇಳಿದ." ಅವರು ಸೆರಗಿನಿಂದ ಬಾಯಿ ಒರೆಸಿಕೊಂಡರು. "ದೀಪ ಸಂಜೆವರೆಗೂ ಉರೀತಾನೇ ಇತ್ತು ಕಣೋ."

"ಅದಕ್ಕೇನಾ ಅಮ್ಮಾರೇ, ನನ್ನ ಕೈಲಿ ಹಚ್ಚಿಸೋದು?"

"ನನ್ನ ಕೈಲಿ ಮತ್ತೆ ಹಚ್ಚೋಕೆ ಆಗ್ಲಿಲ್ಲ. ಬರಿ ನೀನು. ನನ್ನ ಹೆಸರು ಹಾಕೇ ಬರಿ. ಕಣ್ಣು ಮುಚ್ಚೋದ್ರೊಳಗೆ ಒಂದ್ಸಲ ಓದ್ತೀನಿ."

ಅವನು ಬರೆದ. "ಆ ದಿನ ಗುಂಡಿಗೆ ದೀಪ ಇಳಿಸಲಿಲ್ಲ. ಪೂಜೆಯ ದೀಪ ಮೈಲಿಗೆಯಾಗುತ್ತದೆಂದು ಸಿದ್ದಗಂಗಮ್ಮನವರು ಕೊಡಲಿಲ್ಲ, ಓಂಕಾರಮೂರ್ತಿಯವರು ಇಳಿಯೆಂದರು, ಗಿಡ್ಡಪ್ಪ ಇಳಿದವನು ಮೇಲೆ ಬರಲಿಲ್ಲ." ಅಷ್ಟೇ. ಓದಿ ಓದಿ ಅವನಿಗೆ ಬಾಯಿಪಾಠವಾಯಿತು.

ಮುದ್ರಣಕ್ಕೆ ಹೋಗುವ ಮೊದಲು ಹಾಳೆಗಳು ಜಗಲಿಯಲ್ಲಿ ಸಾವ್ಕಾರ್ರ ಕೈಗೆ ಬಂದವು. ಅವರು ಹನ್ನೊಂದನೆಯ ಪುಟ ಓದಿ, ಕನ್ನಡಕ ತೆಗೆದು, ತೋಟದ ಕಡೆ ನೋಡುತ್ತ ಕೂತರು. "ಸುಳ್ಳೇನಲ್ಲ," ಎಂದರು ಕೊನೆಗೆ. ಎದ್ದು ಒಳಗೆ ಹೋದರು.

ರುದ್ರೇಶ್ ಹಾಳೆಯನ್ನು ದಯಾನಂದನ ಮುಂದಿಟ್ಟ. "ಕಾಫಿ ಪುಡಿ ಜೊತೆ ಕೊಡೋ ಪುಸ್ತಕ ಕಣೋ ಇದು. ಗುಂಡಿ ಹೆಣದ ಕತೆ ಓದ್ಕೊಂಡು ಯಾರು ಕಾಫಿ ಕುಡೀತಾರೆ?"

"ಅಮ್ಮಾರೇ ಬರಿ ಅಂದ್ರು ರುದ್ರೇಶಣ್ಣ."

"ಅವ್ಳಿಗೆ ವಯಸ್ಸಾತು. ನಾನೇನ್ ತಿದ್ದಲ್ಲಪ್ಪ, ಬರೆದವನು ನೀನು. ನೀನೇ ನೋಡು." ಪೆನ್ನಿನ ಕ್ಯಾಪ್ ತೆಗೆದು ಕೊಟ್ಟ. "ಅಂದಂಗೆ, ಹೊಸ ಅಂಗಡಿ ಯಾರು ನೋಡ್ಕೋತಾರೆ ಅಂತ ಅಪ್ಪ ಕೇಳ್ತಿದ್ರು. ನಾನು ನಿನ್ನ ಹೆಸರು ಹೇಳಿದೀನಿ."

ಅವನೂ ಎದ್ದು ಹೋದ. ಜಗಲಿಯಲ್ಲಿ ದಯಾನಂದ ಒಬ್ಬನೇ. ಯಾರೂ ಅವನ ಕೈ ಹಿಡಿದು ಬರೆಸುತ್ತಿರಲಿಲ್ಲ. ಅಂಗಡಿಯ ಕುರ್ಚಿ, ಕವನಾಳ ಓದು, ಲೈನ್ ಮನೆ, ಅವ್ವನ ಮಂಡಿನೋವು, ಒಂದರ ಹಿಂದೊಂದು ನೆನಪಾದವು. ಎರಡು ವಾಕ್ಯಗಳ ಮೇಲೆ ಗೀಟು ಹಾಕಿದ. "ಈ ಮನೆಯ ನಂಬಿಕೆಯ ಆಳು ಗಿಡ್ಡಪ್ಪ ಎದೆನೋವಿನಿಂದ ತೀರಿಕೊಂಡದ್ದು ಇದೇ ವರ್ಷ" ಎಂದು ಬರೆದ. ಓದಿ ನೋಡಿ, "ತೀರಿಕೊಂಡದ್ದು" ಎಂಬುದಕ್ಕೆ ಮೊದಲು "ಅಕಾಲಿಕವಾಗಿ" ಎಂದು ಸೇರಿಸಿದ. ಒಳ್ಳೆಯ ಪದ ಸಿಕ್ಕಿತೆಂದು ಒಂದು ಗಳಿಗೆ ಸಮಾಧಾನವೂ ಆಯಿತು. ಆ ಸಮಾಧಾನ ನೆನೆದರೆ ಆಮೇಲೆ ಅವನಿಗೆ ಊಟ ಸೇರುತ್ತಿರಲಿಲ್ಲ.

ಡಿಸೆಂಬರಿನಲ್ಲಿ ಮೊದಲ ಪಲ್ಪಿಂಗ್ ದಿನವೇ ಪುಸ್ತಕ ಹಂಚಿದರು. ಸಿದ್ದಗಂಗಮ್ಮ ಪಲ್ಪರ್ ಮನೆಯ ಕಿಟಕಿಯ ಬೆಳಕಿಗೆ ಹಿಡಿದು ಪುಟ ತಿರುಗಿಸಿದರು. ಹನ್ನೊಂದರಲ್ಲಿ ನಿಂತರು. ಪುಸ್ತಕ ಮುಚ್ಚಿ ತಟ್ಟೆಯ ಕೆಳಗಿಟ್ಟರು. ದಯಾನಂದ ಕೈ ತೊಳೆದುಕೊಂಡು ಮುಂದೆ ಬಂದು ನಿಂತಿದ್ದ. ಅವರು ಅವನನ್ನು ಕರೆಯಲಿಲ್ಲ. ತಾವೇ ಕಡ್ಡಿ ಗೀರಿದರು. ಮೂರು ಕಡ್ಡಿ ಆರಿದವು. ನಾಲ್ಕನೆಯದಕ್ಕೆ ದೀಪ ಹತ್ತಿತು. ಯಂತ್ರ ಶುರುವಾಯಿತು.

ಮಧ್ಯಾಹ್ನ ಅವನು ಮನೆಗೆ ಬಂದಾಗ ತಂಗಮ್ಮ ಪುಸ್ತಕವನ್ನು ಮಡಿಲಲ್ಲಿಟ್ಟುಕೊಂಡು ಬಾಗಿಲಲ್ಲೇ ಕೂತಿದ್ದಳು.

"ಓದು."

ಅವನು ಹನ್ನೊಂದನೆಯ ಪುಟ ತೆರೆದ. ಓದಿದ. "ಆ ದಿನ ಗುಂಡಿಗೆ ದೀಪ ಇಳಿಸಲಿಲ್ಲ. ಪೂಜೆಯ ದೀಪ ಮೈಲಿಗೆಯಾಗುತ್ತದೆಂದು..." ಒಂದಕ್ಷರ ತಪ್ಪದೆ ಕೊನೆಯವರೆಗೂ ಓದಿದ.

ತಂಗಮ್ಮ ಪುಟದ ಕಡೆ ಬಗ್ಗಿದಳು. "ಎಲ್ಲೈತೆ? ನನ್ನ ಬೆರಳಿಡು."

ಕಾಫಿ ಕೊಯ್ದು ಕಪ್ಪಾದ ಆ ಬೆರಳನ್ನು ಹಿಡಿದು ಅವನು ಸಾಲಿನ ಮೇಲಿಟ್ಟ. ಅವಳು ಅದನ್ನು ಎಡದಿಂದ ಬಲಕ್ಕೆ, ಮತ್ತೆ ಎಡದಿಂದ ಬಲಕ್ಕೆ ಎಳೆದಳು. ಬೆರಳಡಿಯಲ್ಲಿ "ಎದೆನೋವಿನಿಂದ ಅಕಾಲಿಕವಾಗಿ" ಎಂದಿತ್ತು.

"ಸಣ್ಣದಾಗೈತೆ," ಎಂದಳು. "ಇರ್ಲಿ. ಕವನಾ ಇಸ್ಕೂಲಿಂದ ಬರ್ಲಿ, ಅವಳ ಕೈಲಿ ಇನ್ನೊಂದ್ಸಲ ಓದಿಸ್ಕೋತೀನಿ."

ಗುರುತಿಗೆಂದು ಆ ಪುಟದೊಳಗೆ ಒಂದು ಕಾಫಿ ಎಲೆ ಇಟ್ಟು, ಪುಸ್ತಕ ಮುಚ್ಚಿದಳು. ಕವನಾ ಬರುವ ನಾಲ್ಕೂವರೆ ಬಸ್ಸಿಗೆ ಇನ್ನು ಎರಡು ಗಂಟೆಯಿತ್ತು. ದಯಾನಂದ ಅವ್ವನ ಪಕ್ಕದಲ್ಲೇ, ರಸ್ತೆಯ ತಿರುವನ್ನು ನೋಡುತ್ತ ಕೂತ.