ಕ್ಲಚ್ಚಿಲ್ಲದ ಗಾಡಿ

ರೇವಣಸಿದ್ದಪ್ಪನ ಎಡಮಂಡಿಯನ್ನು ತಿಂದು ಹಾಕಿದ್ದು ಕ್ಲಚ್ಚು. ಸಿಟಿ ಬಸ್ಸಿನ ಡ್ರೈವರಾಗಿ ಬನಶಂಕರಿಯಿಂದ ಮಾರ್ಕೆಟ್ಟಿಗೆ, ಮಾರ್ಕೆಟ್ಟಿನಿಂದ ಜಯನಗರಕ್ಕೆ ತಿರುಗುತ್ತ ಅವನು ಅದನ್ನು ಎಷ್ಟು ಸಲ ಒತ್ತಿದ್ದನೋ ದೇವರೇ ಬಲ್ಲ. ಈ ಊರಿನ ರಸ್ತೆಗಳಲ್ಲಿ ಎಮ್ಮೆ ಅಡ್ಡ ಬಂದರೂ ಕ್ಲಚ್ಚು, ಮೆರವಣಿಗೆ ಬಂದರೂ ಕ್ಲಚ್ಚು. ಸ್ಟಾಪಿಲ್ಲದ ಕಡೆ ಕೈ ಚಾಚಿ ನಿಲ್ಲುವ ಅಜ್ಜಿಯರಿಗಂತೂ ಒಂದಕ್ಕೆರಡು ಸಲ ಕ್ಲಚ್ಚು. ಕೊನೆಗೆ ಒಂದು ಬೆಳಿಗ್ಗೆ ಮಡಚಿದ ಕಾಲು ಬಿಚ್ಚಲಿಲ್ಲ. ಡಾಕ್ಟರು ಒತ್ತಿ ನೋಡಿದರು, ಎಕ್ಸ್‌ರೇ ತೆಗೆಸಿದರು, ಇನ್ನು ಪೆಡಲು ತುಳಿದರೆ ಊರುಗೋಲು ಖಂಡಿತ ಎಂದರು.

ಡಿಪೋದವರೇನೂ ಅವನ ಕೈ ಬಿಡಲಿಲ್ಲ. ಗೇಟಿನ ಹತ್ತಿರ ಒಂದು ಕುರ್ಚಿ ಹಾಕಿಕೊಟ್ಟು, ಬರುವ ಹೋಗುವ ಬಸ್ಸುಗಳಿಗೆ ಸರಪಳಿ ಇಳಿಸಿ ಎತ್ತುವ ಹಗುರ ಕೆಲಸ ಕೊಟ್ಟರು. ಸಂಬಳಕ್ಕೆ ಕುಂದಿಲ್ಲ, ಬಿಸಿಲಿಲ್ಲ, ಬೈಗುಳವಿಲ್ಲ. ಇನ್ನೊಬ್ಬನಾಗಿದ್ದರೆ ಮನೆಯಲ್ಲಿ ಹೋಳಿಗೆ ಮಾಡಿಸುತ್ತಿದ್ದ. ರೇವಣಸಿದ್ದಪ್ಪನಿಗೆ ಮಾತ್ರ ಆ ಕುರ್ಚಿ ಮುಳ್ಳಾಯಿತು. ಅವನ ಬೀದಿಯಲ್ಲಿ ಅವನ ಹೆಸರೇ ಡ್ರೈವರು. ಡ್ರೈವರ್ ಮನೆ, ಡ್ರೈವರ್ ಹೆಂಡತಿ, ಡ್ರೈವರ್ ಮಗಳು. ಈಗ ಯಾರಾದರೂ ಹಾಗೆ ಕರೆದರೆ ಬೇರೆಯವರ ಅಂಗಿ ಹಾಕಿಕೊಂಡು ಸಿಕ್ಕಿಬಿದ್ದವನ ಹಾಗೆ ತಲೆ ತಗ್ಗಿಸುತ್ತಿದ್ದ. ಮನೆಗೆ ಬಂದರೆ ಮಾತಿಲ್ಲ. ಊಟಕ್ಕೆ ಕೂತರೆ ಸಾರಿನ ರುಚಿ ಗೊತ್ತಾಗುವುದಿಲ್ಲ. ಅವನ ಹೆಂಡತಿ ಬಸವಲಿಂಗಮ್ಮ ಒಂದು ದಿನ ಬೇಕೆಂತಲೇ ಉಪ್ಪು ಹಾಕದೆ ಬಡಿಸಿ ನೋಡಿದಳು. ತೆಪ್ಪಗೆ ಉಂಡು ಕೈ ತೊಳೆದ. ಉಪ್ಪು ಒಂದು ಹರಳು ಹೆಚ್ಚಾದರೂ ತಟ್ಟೆ ಸರಿಸುತ್ತಿದ್ದ ಗಂಡ ಹೀಗಾದದ್ದನ್ನು ಕಂಡು ಅವಳಿಗೆ ನಿಜಕ್ಕೂ ಹೆದರಿಕೆಯಾಯಿತು.

ದಾರಿ ತೋರಿಸಿದವನು ಚಿನ್ನಪ್ಪ. ಬಹಳ ವರ್ಷ ಅದೇ ಬಸ್ಸಿನಲ್ಲಿ ಕಂಡಕ್ಟರಾಗಿದ್ದವನು, ಮನೆ ಮಡಿವಾಳದಲ್ಲಿ. ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಬಿಟಿಎಂ ಲೇಔಟು ಎಂದರೆ ಇನ್ನೂ ಕಲ್ಲು ನೆಟ್ಟ ಸೈಟುಗಳ ಬಯಲು, ಅದರಾಚೆ ಮಡಿವಾಳದ ಕೆರೆ. ಕೆರೆಯ ದಡದಲ್ಲಿ ಯಾವುದೋ ಕಾರ್ಖಾನೆಯ ಅಧಿಕಾರಿಗಳು ಸೇರಿ ಕ್ಲಬ್ಬು ಮಾಡಿಕೊಂಡು, ಭಾನುವಾರ ಹೆಂಡತಿ ಮಕ್ಕಳ ಜೊತೆ ವಿಹಾರಕ್ಕೆಂದು ಒಂದು ಮೋಟಾರು ದೋಣಿ ತರಿಸಿದ್ದರು. ತರಿಸಿದ್ದೇನೋ ಸರಿ, ಓಡಿಸುವವರಿಲ್ಲ. ಈ ಸುದ್ದಿ ಚಿನ್ನಪ್ಪನ ಕಿವಿಗೆ ಬಿದ್ದದ್ದೇ ತಡ, ಡಿಪೋ ಗೇಟಿಗೆ ಓಡಿ ಬಂದ.

"ಗುರು, ಕ್ಲಚ್ಚಿಲ್ಲದ ಗಾಡಿ ಒಂದಿದೆ. ಬರೀ ಕೈಯಲ್ಲೇ ಓಡ್ಸೋದು. ಭಾನುವಾರ ಹೆಂಗೂ ನಿಂಗೆ ರಜ. ಬರ್ತೀಯಾ?"

ರೇವಣಸಿದ್ದಪ್ಪ ಹೋಗಿ ನೋಡಿದ. ಮೋಟರು ದೋಣಿಯ ಹಿಂತುದಿಯಲ್ಲಿ ನೇತಾಡುತ್ತಿತ್ತು. ಅದಕ್ಕೊಂದು ಹಿಡಿ, ತಿರುಚಿದರೆ ವೇಗ, ದೂಡಿದರೆ ತಿರುವು. ಕ್ಲಚ್ಚಿಲ್ಲ, ಬ್ರೇಕಿಲ್ಲ, ಕಾಲಿಗೆ ಕೆಲಸವೇ ಇಲ್ಲ. ಕ್ಲಬ್ಬಿನ ಎಂಜಿನಿಯರೊಬ್ಬರು ಕೂರಿಸಿಕೊಂಡು ಕಲಿಸತೊಡಗಿದರು. ಮೊದಮೊದಲು ಎಲ್ಲವೂ ಉಲ್ಟಾ. ಹಿಡಿಯನ್ನು ಎಡಕ್ಕೆ ದೂಡಿದರೆ ದೋಣಿ ಬಲಕ್ಕೆ ಹೋಗುತ್ತದೆ, ಬಲಕ್ಕೆ ದೂಡಿದರೆ ಎಡಕ್ಕೆ. ನಿಲ್ಲಿಸಬೇಕೆನಿಸಿದಾಗಲೆಲ್ಲ ಬಲಗಾಲು ತಾನಾಗಿ ತಳದ ಹಲಗೆಯನ್ನು ತುಳಿಯುತ್ತಿತ್ತು, ದೋಣಿ ಕ್ಯಾರೆ ಎನ್ನದೆ ಮುಂದೆ ಹೋಗುತ್ತಿತ್ತು. ಆದರೆ ಕೈಗೆ ಹಿಡಿ ಸಿಕ್ಕ ಮೊದಲ ಭಾನುವಾರವೇ ರೇವಣಸಿದ್ದಪ್ಪ ಮನೆಯಲ್ಲಿ ಸಾರಿಗೆ ಹುಳಿ ಸಾಲದು ಎಂದ. ಬಸವಲಿಂಗಮ್ಮ ಅಡುಗೆಮನೆಗೆ ಹೋಗಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಈಗ ಉಳಿದದ್ದು ಲೈಸೆನ್ಸು. ಜನರನ್ನು ಕೂರಿಸಿಕೊಂಡು ಮೋಟಾರು ದೋಣಿ ಓಡಿಸಲು ಸರ್ಕಾರದ ಲೈಸೆನ್ಸು ಬೇಕು, ಅದರ ಪರೀಕ್ಷೆ ವರ್ಷಕ್ಕೊಮ್ಮೆ. ಕ್ಲಬ್ಬಿನವರು ನಿಷ್ಠುರವಾಗಿಯೇ ಹೇಳಿದ್ದರು: ಪಾಸಾದರೆ ದೋಣಿ ನಿನ್ನದು, ಇಲ್ಲದಿದ್ದರೆ ಮಂಗಳೂರಿನಿಂದ ಲೈಸೆನ್ಸು ಇರುವವನೊಬ್ಬ ಬರಲು ತಯಾರಿದ್ದಾನೆ. ರೇವಣಸಿದ್ದಪ್ಪ ಹಟ ಹಿಡಿದು ಓದಿದ. ಹೈಸ್ಕೂಲಿನಲ್ಲಿದ್ದ ಮಗಳು ಜಯಶೀಲಾ ಮೇಷ್ಟ್ರಾದಳು. ನೀರಿನ ಮೇಲೆ ಬಲಕ್ಕೆ ಬಲ ಎನ್ನುವುದಿಲ್ಲ, ಸ್ಟಾರ್‌ಬೋರ್ಡ್ ಎನ್ನುತ್ತಾರೆ; ಎಡಕ್ಕೆ ಪೋರ್ಟ್. ತಿಂಡಿಗೆ ಕೂತಾಗ ಅವಳು "ಸ್ಟಾರ್‌ಬೋರ್ಡ್" ಎಂದರೆ ಇವನು ಚಟ್ನಿಯ ಬಟ್ಟಲನ್ನು ಬಲಕ್ಕೆ ಸರಿಸಬೇಕು, "ಪೋರ್ಟ್" ಎಂದರೆ ಎಡಕ್ಕೆ. ಕೊನೆಕೊನೆಗೆ ಬಸವಲಿಂಗಮ್ಮನೂ ಪೋರ್ಟ್ ಕಡೆ ತುಪ್ಪ ಇದೆ ನೋಡಿ ಎನ್ನುವ ಮಟ್ಟಕ್ಕೆ ಬಂದಿದ್ದಳು.

ಪರೀಕ್ಷೆ ಮಾಡಲು ಬಂದವರು ಗಂಗಾಧರಯ್ಯನವರು. ನೌಕಾಪಡೆಯಲ್ಲಿದ್ದು ನಿವೃತ್ತರಾಗಿ ಜಯನಗರದಲ್ಲಿ ಮನೆ ಕಟ್ಟಿಕೊಂಡಿದ್ದ ಶಿಸ್ತಿನ ಮನುಷ್ಯ. ಇಸ್ತ್ರಿ ಮಾಡಿದ ಬಿಳಿ ಪ್ಯಾಂಟು, ಬಿಳಿ ಬೂಟು. ರೇವಣಸಿದ್ದಪ್ಪನ ಖಾಕಿ ಅಂಗಿಯನ್ನೂ ಬೆವರಿದ ಹಣೆಯನ್ನೂ ನೋಡಿ ಅವರಿಗೆ ಕನಿಕರ ಹುಟ್ಟಿತು. ಪಾಪ, ಬಸ್ ಡ್ರೈವರು, ಇವನಿಗೆಲ್ಲಿ ಸಮುದ್ರದ ಭಾಷೆ ಬರಬೇಕು, ಸ್ಟಾರ್‌ಬೋರ್ಡ್ ಎಂದು ಗಾಬರಿಪಡಿಸುವುದು ಬೇಡ, ಎಲ್ಲರಿಗೂ ತಿಳಿಯುವ ಮಾತಿನಲ್ಲೇ ಹೇಳೋಣ ಎಂದು ಮನಸ್ಸಿನಲ್ಲೇ ತೀರ್ಮಾನಿಸಿದರು. ಒಳ್ಳೆಯ ಮನಸ್ಸಿನಿಂದ ಆಗುವಷ್ಟು ಅನಾಹುತ ಕೆಟ್ಟ ಮನಸ್ಸಿನಿಂದ ಆಗುವುದಿಲ್ಲ ಎಂಬುದು ನನ್ನ ಅನುಭವ.

ಅವರು ಮುಂದಿನ ಹಲಗೆಯ ಮೇಲೆ ಕೂತರು, ಇವನು ಹಿಂದೆ ಮೋಟರಿನ ಪಕ್ಕ. ಚಿನ್ನಪ್ಪ ದಡದಲ್ಲಿ ನಿಂತ. ದೋಣಿ ಸಲೀಸಾಗಿ ಕೆರೆಯ ನಡುವೆ ಬಂತು. ಅಲ್ಲಿ ಮೀನು ಹಿಡಿಯುವ ಯಲ್ಲಯ್ಯ ತನ್ನ ತೆಪ್ಪದ ಮೇಲೆ ಬಗ್ಗಿ ಬಲೆ ಎಳೆಯುತ್ತಿದ್ದ. ಗಂಗಾಧರಯ್ಯನವರು ಅವನನ್ನು ದೂರದಿಂದಲೇ ಕಂಡು, ಬಲಕ್ಕೆ ತಿರುಗಿಸಿ ಬಳಸಿಕೊಂಡು ಹೋಗಲಿ ಎಂದು, ಎಂಜಿನ್ನಿನ ಸದ್ದಿಗೂ ಮಿಗಿಲಾಗಿ ಕೂಗಿದರು.

"ರೈಟ್!"

ಬೆಂಗಳೂರಿನ ಬಸ್ಸು ಹತ್ತಿದವರಿಗೆ ಮುಂದಿನದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಂಡಕ್ಟರು ರೈಟ್ ಎಂದರೆ ಬಸ್ಸು ಬಿಡು ಎಂದರ್ಥ. ಇಷ್ಟು ವರ್ಷ ಚಿನ್ನಪ್ಪನ ಬಾಯಿಂದ ಆ ಮಾತು ಬಿದ್ದ ಕೂಡಲೇ, ಹಿಂದೆ ಮುಂದೆ ಯೋಚಿಸದೆ ಗಾಡಿ ಎಬ್ಬಿಸಿದ ಮನುಷ್ಯ ಇವನು. ಕಿವಿಗೆ ರೈಟ್ ಬಿತ್ತು, ಕೈ ಹಿಡಿಯನ್ನು ತಿರುಚಿತು. ದೋಣಿ ಮೂಗೆತ್ತಿಕೊಂಡು ನೇರವಾಗಿ ತೆಪ್ಪದ ಕಡೆಗೆ ನುಗ್ಗಿತು.

ಗಂಗಾಧರಯ್ಯನವರು ಇನ್ನೂ ಜೋರಾಗಿ "ರೈಟ್, ರೈಟ್" ಎಂದು ಕಿರುಚಿಕೊಂಡರು. ಎರಡು ರೈಟ್ ಎಂದರೆ ಬೇಗ ಬಿಡು, ಹಿಂದೆ ಇನ್ನೊಂದು ಬಸ್ಸು ಬರುತ್ತಿದೆ ಎಂದರ್ಥ. ಇವನು ಇನ್ನಷ್ಟು ತಿರುಚಿದ. ಯಲ್ಲಯ್ಯ ತಲೆಯೆತ್ತಿ ನೋಡಿ ಬಲೆ ಬಿಟ್ಟು ನೀರಿಗೆ ಹಾರಿದ. ಆಗ ರೇವಣಸಿದ್ದಪ್ಪ ಬಲಗಾಲಿನಿಂದ ಹಲಗೆಯನ್ನು ಶಕ್ತಿಯಿದ್ದಷ್ಟು ತುಳಿದ, ಎಲ್ಲಿಯ ಬ್ರೇಕು? ಕೊನೆಯ ಗಳಿಗೆಯಲ್ಲಿ ಹಿಡಿಯನ್ನು ಪಕ್ಕಕ್ಕೆ ದೂಡಿಬಿಟ್ಟ. ದೋಣಿ ತೆಪ್ಪವನ್ನು ಸವರಿಕೊಂಡು ಹೊರಳಿ, ದಡದ ಬಳಿ ದಟ್ಟವಾಗಿ ಬೆಳೆದಿದ್ದ ಅಂತರಗಂಗೆಯೊಳಕ್ಕೆ ಹೊಕ್ಕು, ಗೊರಗೊರ ಎಂದು ನಿಂತುಹೋಯಿತು. ಮೋಟರಿನ ಫ್ಯಾನಿಗೆ ಬಳ್ಳಿ ಬೇರುಗಳೆಲ್ಲ ಸುತ್ತಿಕೊಂಡಿದ್ದವು. ಗಂಗಾಧರಯ್ಯನವರ ಬಿಳಿ ಪ್ಯಾಂಟು ಸೊಂಟದವರೆಗೆ ಹಸಿರಾಗಿತ್ತು.

ಯಲ್ಲಯ್ಯನಿಗೆ ಏನೂ ಆಗಿರಲಿಲ್ಲ. ಆಗಿರಲಿಲ್ಲ ಎಂಬುದು ಅವನ ಬೈಗುಳದಿಂದಲೇ ತಿಳಿಯುತ್ತಿತ್ತು. ಈಜುತ್ತಲೇ ಎರಡು ತಲೆಮಾರು ಮುಟ್ಟಿಸಿ ಬೈದ. ಆ ಬೈಗುಳ ಕಿವಿಗೆ ಬಿದ್ದಾಗ ರೇವಣಸಿದ್ದಪ್ಪನಿಗೆ ಹೋದ ಉಸಿರು ಬಂತು. ಆದರೆ ಅದರ ಹಿಂದೆಯೇ ಲೈಸೆನ್ಸು ನೆನಪಾಯಿತು. ಹೋಯ್ತು. ಮುಗಿಯಿತು. ಮಂಗಳೂರಿನವನು ಬರುತ್ತಾನೆ, ತಾನು ಮತ್ತೆ ಆ ಕುರ್ಚಿಗೆ. ಮನೆಯಲ್ಲಿ ಹೇಗೆ ಮುಖ ತೋರಿಸುವುದು? ತಲೆ ತಗ್ಗಿಸಿ ಕೂತ. ಯಲ್ಲಯ್ಯ ತೆಪ್ಪ ಹತ್ತಿ, ಬಲೆ ಸರಿಮಾಡಿಕೊಂಡು, ಬಂದು ಬಳ್ಳಿ ಕೊಯ್ದು ಬಿಡಿಸುವವರೆಗೆ ಇಬ್ಬರೂ ಅಲ್ಲೇ ಕೂತಿರಬೇಕು, ಬೇರೆ ದಾರಿಯಿಲ್ಲ.

ಗಂಗಾಧರಯ್ಯನವರು ಬೂಟಿನೊಳಗಿನ ನೀರು ಚೆಲ್ಲಿ, ಆಮೇಲೆ ಕೇಳಿದರು.

"ನಾನು ರೈಟ್ ಅಂದಿದ್ದು ನಿಮಗೆ ಕೇಳಿಸ್ತೋ ಇಲ್ವೋ?"

"ಕೇಳಿಸ್ತು ಸಾರ್. ಅದಕ್ಕೇ ಹೋದೆ."

"ಹೋಗಿ ಅಂತ ನಾನೆಲ್ರೀ ಹೇಳ್ದೆ?"

"ರೈಟ್ ಅಂದ್ರಲ್ಲ ಸಾರ್. ಎರಡೆರಡು ಸಲ ಅಂದ್ರಿ."

ಗಂಗಾಧರಯ್ಯನವರು ಅವನ ಮುಖವನ್ನೇ ದಿಟ್ಟಿಸಿದರು. ತಮಾಷೆ ಮಾಡುವ ಮುಖವಲ್ಲ ಅದು, ಅಳು ನುಂಗಿಕೊಂಡ ಮುಖ. ಅವರು ದಿನಾ ಜಯನಗರದಿಂದ ಬಸ್ಸಿನಲ್ಲಿ ಓಡಾಡುವವರೇ. ಹಿಂದಿನ ವಾರವಷ್ಟೇ, ಅವರ ಒಂದು ಕಾಲು ಇನ್ನೂ ಫುಟ್‌ಬೋರ್ಡಿನ ಮೇಲಿರುವಾಗಲೇ ಕಂಡಕ್ಟರು ರೈಟ್ ಎಂದು, ಡ್ರೈವರು ಎಳೆದುಬಿಟ್ಟು, ಇವರು ರಸ್ತೆಯಲ್ಲಿ ಕುಂಟುತ್ತ ಓಡಿ ಹೇಗೋ ಬೀಳದೆ ಉಳಿದಿದ್ದರು. ಅಂದು ಆ ಕಂಡಕ್ಟರಿಗೆ ಇಂಗ್ಲಿಷಿನಲ್ಲೂ ಕನ್ನಡದಲ್ಲೂ ಬೈದಿದ್ದರು. ಇಂದು ನೀರಿನ ಮೇಲೆ ಅದೇ ಮಾತನ್ನು ಗಂಟಲು ಹರಿಯುವಂತೆ ತಾವೇ ಕೂಗಿದ್ದರು.

ರೇವಣಸಿದ್ದಪ್ಪ ಮೆಲ್ಲಗೆ ಹೇಳಿದ: "ನೀವು ಸ್ಟಾರ್‌ಬೋರ್ಡ್ ಅಂದಿದ್ರೆ ತಿರುಗಿಸ್ತಿದ್ದೆ ಸಾರ್. ಮಗಳು ಚೆನ್ನಾಗಿ ಹೇಳ್ಕೊಟ್ಟಿದ್ಲು. ನಂದೇ ತಪ್ಪು. ನೀರಿನ ಮೇಲಿದ್ದೀನಿ ಅನ್ನೋದೇ ಮರೆತೋಯ್ತು."

ಗಂಗಾಧರಯ್ಯನವರ ಮೀಸೆ ಮೊದಲು ಅಲುಗಿತು. ಆಮೇಲೆ ಹೆಗಲು ಕುಲುಕಿದವು. ಆಮೇಲೆ ದೋಣಿಯೇ ಅಲ್ಲಾಡುವಂತೆ ನಕ್ಕರು. ನಗು ನಿಂತ ಮೇಲೆ ಅವರು ಹೇಳಿದ್ದು ಇಷ್ಟು: ಈಗ ನಡೆದದ್ದಕ್ಕೆ ಪಾಸು ಮಾಡಲು ಸಾಧ್ಯವಿಲ್ಲ, ಒಬ್ಬನ ಪ್ರಾಣ ಹೋಗುತ್ತಿತ್ತು. ಆದರೆ ಫೇಲು ಮಾಡೋಣವೆಂದರೆ ಆ ತಪ್ಪಿನಲ್ಲಿ ಅರ್ಧ ತಮ್ಮದೇ. ಹಾಗಾಗಿ ಫ್ಯಾನು ಬಿಡಿಸಿಕೊಂಡು ಮೊದಲಿನಿಂದ ಪರೀಕ್ಷೆ, ಈ ಸಲ ಸರಿಯಾದ ಭಾಷೆಯಲ್ಲಿ.

ಯಲ್ಲಯ್ಯ ಗೊಣಗುತ್ತಲೇ ಕುಡುಗೋಲಿನಿಂದ ಬಳ್ಳಿ ಕೊಯ್ದುಕೊಟ್ಟ. ರೇವಣಸಿದ್ದಪ್ಪ ಅವನ ಕೈ ಹಿಡಿದು ಕ್ಷಮೆ ಕೇಳಿದ. ಎರಡನೆಯ ಸಲ ಹಿಡಿ ಮುಟ್ಟುವ ಮುನ್ನ, ಇದೊಂದು ಸಲ, ತಂದೇ, ಇದೊಂದು ಸಲ ಎಂದು ಕೊರಳ ಲಿಂಗವನ್ನು ಮುಟ್ಟಿಕೊಂಡ. ಸ್ಟಾರ್‌ಬೋರ್ಡ್ ಎಂದಾಗ ಅವನ ಮನಸ್ಸಿನಲ್ಲಿ ಚಟ್ನಿಯ ಬಟ್ಟಲು ಬಲಕ್ಕೆ ಸರಿಯಿತು, ದೋಣಿಯೂ ಬಲಕ್ಕೆ ಸರಿಯಿತು. ಪೋರ್ಟ್ ಎಂದಾಗ ಎಡಕ್ಕೆ. ಯಲ್ಲಯ್ಯನ ತೆಪ್ಪವನ್ನು ಅಲೆಯೂ ತಾಗದ ಹಾಗೆ ದೂರದಿಂದ ಬಳಸಿ ಬಂದ. ಯಲ್ಲಯ್ಯ ಮಾತ್ರ ಮುಂಜಾಗ್ರತೆಗೆ ಎದ್ದು ನಿಂತೇ ಇದ್ದ.

ಕೊನೆಯದು ಎಲ್ಲಕ್ಕಿಂತ ಕಷ್ಟದ್ದು. ನೀರಿಗೆ ಬಿದ್ದವರನ್ನು ಎತ್ತುವ ಪರೀಕ್ಷೆ. ಗಂಗಾಧರಯ್ಯನವರು ತೇಲುವ ದೊಡ್ಡ ರಬ್ಬರಿನ ಬಳೆಯೊಂದನ್ನು ನೀರಿಗೆ ಎಸೆದರು. ಅದನ್ನೇ ಮನುಷ್ಯ ಎಂದುಕೊಂಡು, ಅದರ ಮೇಲೆ ಹಾಯದೆ, ಪಕ್ಕದಲ್ಲೇ ನಿಲ್ಲಿಸಬೇಕು. ಬ್ರೇಕಿಲ್ಲದ ಗಾಡಿ. ರೇವಣಸಿದ್ದಪ್ಪನ ಬಲಗಾಲು ಮತ್ತೆ ಹಲಗೆಯ ಮೇಲೆ ತಡಕಾಡಿತು. ಈ ಸಲ ಅವನು ಅದನ್ನು ಮಡಚಿ ಕೆಳಗೆ ಹಾಕಿಕೊಂಡು ಕೂತುಬಿಟ್ಟ. ಬಳೆ ಇನ್ನೂ ದೂರವಿರುವಾಗಲೇ ಮೋಟರು ನಿಲ್ಲಿಸಿದ. ಸದ್ದಡಗಿತು. ದೋಣಿ ತೇಲಿತು, ನಿಧಾನವಾಯಿತು, ಇನ್ನೂ ನಿಧಾನವಾಯಿತು. ತಲುಪುವುದಿಲ್ಲವೇನೋ ಎಂದು ಗಂಗಾಧರಯ್ಯನವರೂ ಬಗ್ಗಿ ನೋಡಿದರು. ಬಳೆ ತಾನಾಗಿ ಬಂದು ರೇವಣಸಿದ್ದಪ್ಪನ ಅಂಗೈಗೆ ತಾಗಿತು. ಅವನು ಅದನ್ನು ಎತ್ತಿ ಮಡಿಲಲ್ಲಿಟ್ಟುಕೊಂಡು, ಯಾವುದೋ ಮಗುವನ್ನೇ ಉಳಿಸಿದವನಂತೆ ಗಟ್ಟಿಯಾಗಿ ಹಿಡಿದುಕೊಂಡ.

"ಆಯ್ತು. ಇನ್ಮೇಲೆ ಜನರನ್ನ ಕೂರಿಸ್ಕೊಂಡು ಹೋಗಿ" ಎಂದರು ಗಂಗಾಧರಯ್ಯನವರು. ನಿಜ ಹೇಳಬೇಕೆಂದರೆ ಅವರಿಗೂ ಮನಸ್ಸು ಹಗುರಾಗಿತ್ತು.

ದಡ ಮುಟ್ಟಿದ ಮೇಲೆ ರೇವಣಸಿದ್ದಪ್ಪನಿಗೆ ಎದ್ದು ನಿಲ್ಲಲಾಗಲಿಲ್ಲ. ಮಂಡಿ ನೋವಿನಿಂದಲ್ಲ. ಎಷ್ಟೋ ತಿಂಗಳಿಂದ ಎದೆಯ ಮೇಲೆ ಕೂತಿದ್ದ ಭಾರ ಒಮ್ಮೆಗೇ ಇಳಿದು, ಮೈಯೆಲ್ಲ ನೀರಾಗಿ ಹೋಗಿತ್ತು. ಚಿನ್ನಪ್ಪ ಓಡಿ ಬಂದು ರಟ್ಟೆ ಹಿಡಿದು ಎಬ್ಬಿಸಿದ. ಏನಾಯ್ತು ಗುರು, ಏನಾಯ್ತು ಎಂದು ಅವನು ಕೇಳುತ್ತಲೇ ಇದ್ದ; ಇವನು ಅವನ ಹೆಗಲ ಮೇಲೆ ಮುಖವಿಟ್ಟು ಅತ್ತ. ಚಿನ್ನಪ್ಪ ಫೇಲಾಗಿದೆ ಎಂದುಕೊಂಡು ತಾನೂ ಅತ್ತ. ಗಂಗಾಧರಯ್ಯನವರೇ ಬಂದು ಇಬ್ಬರಿಗೂ ವಿಷಯ ತಿಳಿಸಬೇಕಾಯಿತು.

ಮುಂದಿನ ಭಾನುವಾರ, ಕ್ಲಬ್ಬಿನವರ ವಿಹಾರವೆಲ್ಲ ಮುಗಿದ ಮೇಲೆ, ಮನೆಯವರನ್ನು ಒಂದು ಸುತ್ತು ಕರೆದುಕೊಂಡು ಹೋಗಲು ಅನುಮತಿ ಸಿಕ್ಕಿತು. ಜಯಶೀಲಾ ಚಿನ್ನಪ್ಪನ ಜೊತೆ ದೋಣಿಯ ಮೂತಿಯ ಕಡೆ ಕೂತು, ನೀರಿಗೆ ಕೈ ಬಿಟ್ಟುಕೊಂಡು ಏನೇನೋ ಕೂಗುತ್ತಿದ್ದಳು. ಬಸವಲಿಂಗಮ್ಮ ನಡುವಿನ ಹಲಗೆ ಹಿಡಿದು ಕೂತವಳು ಮಾತ್ರ, ಮುಂದಕ್ಕೆ ಮುಖ ಮಾಡದೆ ಗಂಡನ ಕಡೆಗೇ ತಿರುಗಿ ಕೂತಿದ್ದಳು. ಕೆರೆಯಿಲ್ಲ, ಹಕ್ಕಿಯಿಲ್ಲ, ಅವಳ ಕಣ್ಣು ಇವನ ಮೇಲಿಂದ ಕದಲಲಿಲ್ಲ. ರೇವಣಸಿದ್ದಪ್ಪನಿಗೆ ನಾಚಿಕೆಯಾಯಿತು. ಹೆದರಿಕೆಯಾ, ಇಷ್ಟು ದೂರ ಬಂದು ಕೆರೆ ನೋಡುವುದು ಬಿಟ್ಟು ನನ್ನನ್ನೇನು ನೋಡುತ್ತೀಯ ಎಂದು ಗದರಿದ.

"ಅಲ್ಲರೀ, ಮದ್ವೆಯಾದಾಗಿಂದ ನೀವು ಡ್ರೈವರು ಡ್ರೈವರು ಅಂತ ಕೇಳ್ತಾನೇ ಬಂದೆ. ಬಸ್ಸಲ್ಲಿ ಕೂತಾಗೆಲ್ಲ ನಿಮ್ ಹಿಂದಲೆ ಕಾಣ್ತಿತ್ತು, ಅಷ್ಟೇ" ಎಂದಳು ಬಸವಲಿಂಗಮ್ಮ. "ಓಡ್ಸೋವಾಗ ನಿಮ್ ಮುಖ ಹೆಂಗಿರುತ್ತೆ ಅಂತ ಇವತ್ತೇ ನೋಡ್ತಿರೋದು. ನೋಡ್ಕೋತೀನಿ ಬಿಡಿ."

ಒಂದೇ ಸುತ್ತು ಎಂದು ಹೇಳಿ ಹೊರಟಿದ್ದ ರೇವಣಸಿದ್ದಪ್ಪ ಇನ್ನೊಂದು ಸುತ್ತು ಹಾಕಿದ.