ಮುಚ್ಚಿಟ್ಟ ನೆಗಡಿ

ಹೆಂಡತಿಗೆ ಹೊಸ ಶ್ವಾಸಕೋಶ ಬಂದ ಮೇಲೆ ಮೆಕ್ಯಾನಿಕ್‌ಗೆ ಮನೆಯಲ್ಲಿ ಕೆಲಸವೇ ಇಲ್ಲದಂತಾಗಿತ್ತು. ಹಾಗೆಂದು ಬಾಯಿಬಿಟ್ಟು ಹೇಳುವ ಹಾಗೂ ಇರಲಿಲ್ಲ. ಹೇಳಿದರೆ ಕೇಳಿದವರು ಮುಖಕ್ಕೆ ಉಗಿಯುತ್ತಿದ್ದರು.

ಹೊಲಿಗೆ ಯಂತ್ರಗಳ ರಿಪೇರಿ ಅವನ ಕಸುಬು. ಬಿಚ್ಚಿ ನೋಡುವ ಮೊದಲೇ, ಸದ್ದು ಕೇಳಿ ಕಾಯಿಲೆ ಎಲ್ಲಿದೆ ಎಂದು ಹೇಳುವವನು. ಆ ಕಿವಿಯನ್ನು ಅವನು ನಾಲ್ಕು ವರ್ಷ ಹೆಂಡತಿಯ ಉಸಿರಿಗೆ ಒಪ್ಪಿಸಿಬಿಟ್ಟಿದ್ದ. ಮೆಟ್ಟಿಲು ಹತ್ತುವಾಗ ಆಕ್ಸಿಜನ್ ಸಿಲಿಂಡರ್ ಹೆಗಲಿಗೆ ಹಾಕಿಕೊಂಡು ಅವಳ ಹಿಂದೆಯೇ ಹತ್ತುತ್ತಿದ್ದ. ಅವಳು ನಿಲ್ಲಬೇಕು ಅಂದುಕೊಳ್ಳುವುದಕ್ಕೆ ಒಂದು ಮೆಟ್ಟಿಲು ಮುಂಚೆಯೇ ಅವನು ನಿಂತಿರುತ್ತಿದ್ದ. ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಿದ್ದ ಅವಳನ್ನು ಮದುವೆಯಾದ ದಿನದಿಂದ ಅವನು ಕರೆಯುತ್ತಿದ್ದದ್ದು 'ಟೀಚರ್' ಎಂದೇ. ಟೀಚರ್ ಮಾತಿಗೆ ಉಸಿರು ಖರ್ಚು ಮಾಡಬಾರದೆಂದು, ಅವಳು ಕೇಳದ ಪ್ರಶ್ನೆಗಳಿಗೂ ಅವನು ಉತ್ತರ ಕೊಡುವುದನ್ನು ಕಲಿತಿದ್ದ. ನಕ್ಕರೆ ಅವಳಿಗೆ ಕೆಮ್ಮು ಬರುತ್ತಿತ್ತು, ಕೆಮ್ಮು ಬಂದರೆ ತುಟಿ ನೀಲಿಯಾಗುತ್ತಿತ್ತು. ಹಾಗಾಗಿ, ಒಂದು ಕಾಲಕ್ಕೆ ಪಕ್ಕದ ಅಂಗಡಿಯವರನ್ನೆಲ್ಲ ಹೊಟ್ಟೆ ಹಿಡಿದು ನಗಿಸುತ್ತಿದ್ದ ಮನುಷ್ಯ ಮನೆಯೊಳಗೆ ತಮಾಷೆಯನ್ನೇ ಬಿಟ್ಟ. ಆ ಮೌನದ ಬಗ್ಗೆ ಅವನಿಗೆ ಒಳಗೊಳಗೇ ಹೆಮ್ಮೆಯಿತ್ತು. ಅದು ತಮ್ಮಿಬ್ಬರದೇ ಸ್ವತ್ತು, ಮೂರನೆಯವರಿಗೆ ಅದರಲ್ಲಿ ಪಾಲಿಲ್ಲ ಎಂದುಕೊಂಡಿದ್ದ.

ಆಮೇಲೆ ನಾದಿನಿ ಬಂದಳು.

ಟೀಚರ್‌ನ ತಂಗಿ ಬಸ್ ಕಂಡಕ್ಟರ್. ಎರಡು ತಿಂಗಳು ರಜೆ ಹಾಕಿ, ಒಂದು ಚೀಲ ಮತ್ತು ಇಡೀ ಬಸ್ಸಿಗೆ ಕೇಳಿಸುವಂಥ ಗಂಟಲು ಹೊತ್ತುಕೊಂಡು ಬಂದಿದ್ದಳು. ಆಪರೇಷನ್ ಆದವರನ್ನು ಮನೆಯಲ್ಲಿ ನೋಡಿಕೊಳ್ಳಲು ಇಬ್ಬರಾದರೂ ಬೇಕು ಎಂದು ಆಸ್ಪತ್ರೆಯವರೇ ಹೇಳಿದ್ದರು. ಮೊದಲನೆಯ ಹೆಸರು ಅವನದು, ಎರಡನೆಯದು ಅವಳದು. ಆಸ್ಪತ್ರೆಯಿಂದ ಮನೆಗೆ ಬಂದ ಮೂರನೆಯ ದಿನ ಮೆಕ್ಯಾನಿಕ್ ಅಡುಗೆಮನೆಯಲ್ಲಿ ಲೋಟಗಳನ್ನು ಕುದಿಯುವ ನೀರಿಗೆ ಹಾಕುತ್ತಿದ್ದಾಗ ರೂಮಿನಿಂದ ವಿಚಿತ್ರ ಸದ್ದು ಕೇಳಿಸಿತು. ಕೈಯಲ್ಲಿದ್ದದ್ದನ್ನು ಅಲ್ಲೇ ಬಿಟ್ಟು ನೀರಿನ ಬಾಟಲಿ ಹಿಡಿದು ಓಡಿದ. ನೋಡಿದರೆ ಟೀಚರ್ ನಗುತ್ತಿದ್ದಾಳೆ. ತಲೆ ಹಿಂದಕ್ಕೆ ಚೆಲ್ಲಿ, ಹೊಲಿಗೆ ಹಾಕಿದ ಎದೆಗೆ ದಿಂಬು ಒತ್ತಿಕೊಂಡು ನಗುತ್ತಿದ್ದಾಳೆ.

"ಏನ್ ಭಾವ, ಎಲ್ಲಿ ಬೆಂಕಿ ಬಿತ್ತು?" ಎಂದಳು ನಾದಿನಿ.

ಅದಕ್ಕೆ ಟೀಚರ್ ಇನ್ನಷ್ಟು ನಕ್ಕಳು. ನಾಲ್ಕು ವರ್ಷದಿಂದ ಅವನು ಕಾಪಾಡಿಕೊಂಡು ಬಂದಿದ್ದ ನಗು ಅದು. ಇವಳು ಬಂದ ಮೂರೇ ದಿನಕ್ಕೆ ಅದನ್ನು ಎತ್ತಿಕೊಂಡು ಹೋಗಿದ್ದಳು. ಅವನು ಬಾಟಲಿಯನ್ನು ಮೇಜಿನ ಮೇಲಿಟ್ಟು, ಮುಚ್ಚಳ ಸರಿಯಾಗಿದೆಯೇ ಎಂದು ಸುಮ್ಮನೆ ಎರಡು ಸಲ ತಿರುಗಿಸಿ ನೋಡಿ, ಹೊರಗೆ ಬಂದ.

ಅಡುಗೆ ನಾದಿನಿಯದಾಯಿತು. ಸ್ನಾನ, ಬಟ್ಟೆ, ಸಂಜೆ ಮಹಡಿಯ ಮೇಲಿನ ನಡಿಗೆ ಎಲ್ಲ ಅವಳದಾಯಿತು. "ಮುಂದೆ ಹೋಗಿ, ಮುಂದೆ ಹೋಗಿ, ಒಳಗಡೆ ಜಾಗ ಇದೆ" ಎನ್ನುತ್ತ ಅವಳು ಅಕ್ಕನನ್ನು ನಡೆಸುತ್ತಿದ್ದುದು ಮನೆಯ ಕೆಳಗೇ ಇದ್ದ ಅವನ ಅಂಗಡಿಗೆ ಕೇಳುತ್ತಿತ್ತು. ಮೆಕ್ಯಾನಿಕ್‌ಗೆ ಉಳಿದದ್ದು ಬೆಳಗಿನ ಅರ್ಧ ಗಂಟೆ ಮಾತ್ರ. ಎಂಟಕ್ಕೆ ಸರಿಯಾಗಿ ಮಾತ್ರೆ. ಆಮೇಲೆ ಅಂಗೈಯಗಲದ ಯಂತ್ರವೊಂದಕ್ಕೆ ಅವಳು ಮೂರು ಸಲ ಉಸಿರು ಊದಬೇಕು. ಅದರಲ್ಲಿ ಬರುವ ಅತಿ ಹೆಚ್ಚಿನ ಅಂಕಿಯನ್ನು ಅವನು ಪುಸ್ತಕದಲ್ಲಿ ಬರೆಯಬೇಕು. ಆ ಅರ್ಧ ಗಂಟೆ ಅವನು ರೂಮಿನ ಬಾಗಿಲು ಮುಂದಕ್ಕೆ ಮಾಡಿಕೊಳ್ಳುತ್ತಿದ್ದ.

ಮಂಗಳವಾರ ಗಂಟಲಲ್ಲಿ ಕೆರೆತ ಶುರುವಾಯಿತು.

ನಿಯಮ ಅವನಿಗೆ ಗೊತ್ತಿಲ್ಲದ್ದೇನಲ್ಲ. ಹೊಸ ಶ್ವಾಸಕೋಶವನ್ನು ದೇಹ ತಳ್ಳಿಹಾಕಬಾರದೆಂದು ಕೊಡುವ ಮಾತ್ರೆ ರೋಗ ತಡೆಯುವ ಶಕ್ತಿಯನ್ನೂ ಕುಗ್ಗಿಸುತ್ತದೆ. ಉಳಿದವರಿಗೆ ಬರೀ ಶೀತವಾದದ್ದು ಅವಳನ್ನು ಮತ್ತೆ ವೆಂಟಿಲೇಟರ್‌ಗೆ ಹಾಕಿಸಬಹುದು. ನೆಗಡಿ ಇದ್ದವರು ರೂಮಿಗಿರಲಿ, ಮನೆಗೂ ಬರಬಾರದು. ಹಾಗೆಂದು ಹಾಳೆಯೊಂದರಲ್ಲಿ ದಪ್ಪ ಅಕ್ಷರದಲ್ಲಿ ಬರೆದು ಬಾಗಿಲಿಗೆ ಅಂಟಿಸಿದವನು ಅವನೇ. ಆದರೂ ಇದು ಯಂತ್ರದೊಳಗಿನ ನೂಲಿನ ಧೂಳು ಎಂದು ತನಗೆ ತಾನೇ ಹೇಳಿಕೊಂಡ. ಮಾಸ್ಕ್ ಮೇಲೆ ಇನ್ನೊಂದು ಮಾಸ್ಕ್ ಹಾಕಿಕೊಂಡ. ಸೀನು ಬಂದಾಗಲೆಲ್ಲ ಅಂಗಡಿಗೆ ಇಳಿದು, ಹಿಂದಿನ ಕೋಣೆಯ ಬಾಗಿಲು ಹಾಕಿಕೊಂಡು ಸೀನಿದ.

ಬುಧವಾರ ನಾದಿನಿ ಮೆಟ್ಟಿಲ ಬಳಿ ಅಡ್ಡ ಸಿಕ್ಕಳು.

"ಭಾವ, ನಿಮ್ಮ ದನಿ ಇವತ್ತು ನಮ್ಮ ಡಿಪೋದ ಹಳೇ ಗಾಡಿ ಹಾರ್ನ್ ಇದ್ದಂಗಿದೆ."

"ಧೂಳು. ಹಳೇ ಮೆಷಿನ್ ಬಿಚ್ಚಿದ್ದೆ."

"ಹುಷಾರಿಲ್ಲ ಅಂದ್ರೆ ಹೇಳ್ಬಿಡಿ. ಆ ಪುಸ್ತಕ ನನ್ ಕೈಗೆ ಕೊಡಿ, ಅಷ್ಟೇ. ದಿನಾ ನೂರಾರು ಟಿಕೆಟ್ ಕೊಡೋಳು, ಒಂದ್ ನಂಬರ್ ಬರ್ಯೋಕೆ ಆಗಲ್ವಾ?"

ಅವಳು ತಮಾಷೆಗೇ ಹೇಳಿದ್ದಳು. ಬಾಯಿಗೆ ಬಂದಿದ್ದ ನಿಜವನ್ನು ಆ ತಮಾಷೆಯೇ ಒಳಗೆ ತಳ್ಳಿತು. "ಏನೂ ಆಗಿಲ್ಲ ನಂಗೆ" ಎಂದು ಅವನು ಮೇಲೆ ಹತ್ತಿದ.

ಗುರುವಾರ ಟೀಚರ್ ಮೂರು ಸಲ ಊದಿದಳು. ದಿನವೂ ಎರಡು ಪಾಯಿಂಟ್ ಒಂದು ಬರುತ್ತಿದ್ದಲ್ಲಿ ಒಂದು ಪಾಯಿಂಟ್ ಒಂಬತ್ತು ಬಂತು. ನಾಲ್ಕನೆಯ ಸಲ ಊದಿದಳು. ಅಷ್ಟೇ. ಬಾಗಿಲಲ್ಲಿ ಇಣುಕಿದ ನಾದಿನಿ, "ತಿಂಡಿ ಜಾಸ್ತಿ ಆಯ್ತೇನೋ ಅಕ್ಕಂಗೆ" ಎಂದಳು.

ಟೀಚರ್ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. "ಒಂಬತ್ತೂವರೆ ಪರ್ಸೆಂಟ್ ಕಮ್ಮಿ. ಹತ್ತು ಆದ್ರೆ ಫೋನ್ ಮಾಡಿ ಅಂದಿದ್ದಾರೆ. ನಾಳೆ ಒಂದು ದಿನ ನೋಡೋಣ ಅಲ್ವಾ?"

ಅವನು ಪೆನ್ನು ಹಿಡಿದು ಕೂತಿದ್ದ. ನಾಳೆಯವರೆಗೆ ಕಾಯಲು ಕಾರಣವಿತ್ತು. ಅರ್ಧ ಪರ್ಸೆಂಟಿನ ಕಾರಣ. ಅವನು ಸುಮ್ಮನಿದ್ದರೆ ಯಾರೂ ಅವನನ್ನು ದೂರುವಂತಿರಲಿಲ್ಲ. ಕಾಯಬಾರದು ಎಂಬುದು ಆ ರೂಮಿನಲ್ಲಿ ಒಬ್ಬನಿಗೆ ಮಾತ್ರ ಗೊತ್ತಿತ್ತು. ಅವನು ಕುರ್ಚಿಯಿಂದೆದ್ದು ಬಾಗಿಲವರೆಗೆ ಹಿಂದೆ ಸರಿದ. ನಾದಿನಿ ದಾರಿ ಬಿಟ್ಟಳು.

"ನಂಗೆ ನೆಗಡಿ" ಎಂದ.

"ಯಾವಾಗಿಂದ?" ಎಂದಳು ನಾದಿನಿ.

"ಮಂಗಳವಾರದಿಂದ."

ಟೀಚರ್ ಅವನನ್ನು ನೋಡಿದಳು. ಕೋಪದಲ್ಲಿ ನೋಡಿದ್ದರೆ ಎದುರಿಸಬಹುದಿತ್ತು. ತರಗತಿಯಲ್ಲಿ ಜಾಣ ಹುಡುಗನೊಬ್ಬ ಎರಡಕ್ಕೆ ಎರಡು ಕೂಡಿಸಿ ಐದು ಎಂದಾಗ ನೋಡುವ ಹಾಗೆ, ನಂಬಲಾಗದೆ ನೋಡಿದಳು. ನಾದಿನಿಯ ನಾಲಗೆಗೂ ಮೊದಲ ಸಲ ತಮಾಷೆ ಬರಲಿಲ್ಲ.

"ಕೆಳಗೆ ಹೋಗಿ ಭಾವ" ಎಂದಳು, ಮೆಲ್ಲಗೆ.

ಅಂಗಡಿಯಿಂದಲೇ ಅವನು ಆಸ್ಪತ್ರೆಗೆ ಫೋನ್ ಮಾಡಿ ಎಲ್ಲ ಹೇಳಿದ. ಅವರನ್ನು ಈಗಲೇ ಕಳಿಸಿ, ಆದರೆ ನೀವು ಬರಬೇಡಿ ಎಂದರು. ಟ್ಯಾಕ್ಸಿ ಬಂತು. ಅವನು ರಸ್ತೆಯ ಆಚೆ ಬದಿಗೆ ಹೋಗಿ ನಿಂತುಕೊಂಡ. ನಾದಿನಿ ಚೀಲ ಹಿಡಿದಿದ್ದಳು. ಟೀಚರ್ ಯಾರ ಕೈಯನ್ನೂ ಹಿಡಿಯದೆ ಮೆಟ್ಟಿಲಿಳಿದು ಬಂದಳು. ಕಾರು ಹತ್ತುವ ಮೊದಲು ಒಂದು ಸಲ ಇತ್ತ ನೋಡುತ್ತಾಳೆ ಎಂದುಕೊಂಡ. ನೋಡಲಿಲ್ಲ. ತಂಗಿ ಅವಳ ಪಕ್ಕದಲ್ಲಿ ಕೂತು ಬಾಗಿಲು ಎಳೆದುಕೊಂಡದ್ದು ಮಾತ್ರ ಕಾಣಿಸಿತು. ಇಷ್ಟಾದ ಮೇಲೂ, ಆ ಪಕ್ಕದ ಸೀಟು ತನ್ನದು ಎಂದು ಅವನ ಹೊಟ್ಟೆ ಉರಿಯಿತು. ಆ ಉರಿಗೆ ಅವನಿಗೇ ನಾಚಿಕೆಯಾಯಿತು, ಆದರೆ ನಾಚಿಕೆಗೆ ಅದು ಆರಲಿಲ್ಲ.

ಸಂಜೆ ಫೋನ್ ಬಂತು.

"ನಿಮ್ ನೆಗಡೀನೇ ಭಾವ. ಅಂಟಿದೆ" ಎಂದಳು ನಾದಿನಿ. "ಆದ್ರೆ ಬೇಗ ಬಂದ್ರಿ, ಎದೆಗೆ ಇಳಿದಿಲ್ಲ ಅಂದ್ರು ಡಾಕ್ಟ್ರು. ನಾಲ್ಕು ದಿನ ಇಟ್ಕೋತಾರೆ. ಇರಿ, ಅಕ್ಕಂಗೆ ಕೊಡ್ತೀನಿ."

ಟೀಚರ್ ಫೋನ್ ತೆಗೆದುಕೊಂಡಳು. ಮೊದಲಾಗಿದ್ದರೆ ಮಾತಿಗೆ ಮುಂಚೆ ಅವಳ ಉಸಿರು ಕೇಳಿಸುತ್ತಿತ್ತು. ಅದರಲ್ಲೇ ಸಿಟ್ಟು, ಸುಸ್ತು, ಸಮಾಧಾನ ಎಲ್ಲ ತಿಳಿಯುತ್ತಿತ್ತು. ಈಗ ಏನೂ ಕೇಳಿಸಲಿಲ್ಲ.

"ಟೀಚರ್, ಇದೀಯಾ?"

"ಇದೀನಿ. ಯಾಕೆ ಹೇಳ್ಲಿಲ್ಲ?"

ಧೂಳು ಎಂದು ಹೇಳಬಹುದಿತ್ತು. "ಹೇಳಿದ್ರೆ ಅವಳು ನನ್ ಜಾಗದಲ್ಲಿ ಬಂದು ಕೂತ್ಕೋತಾಳೆ ಅಂತ" ಎಂದ.



"ನಾನೇ ಹೋಗ್ಬಿಟ್ಟಿದ್ರೆ ಆ ಜಾಗ ಇಟ್ಕೊಂಡು ಏನ್ ಮಾಡ್ತಿದ್ರಿ?"

ಅವನು ಮೇಜಿನ ಮೇಲಿದ್ದ ಸೂಜಿಯೊಂದನ್ನು ಎತ್ತಿ ಡಬ್ಬಿಗೆ ಹಾಕಿದ.

"ನೆಗಡಿ ಪೂರ್ತಿ ಹೋಗೋವರೆಗೂ ಅಂಗಡೀಲೇ ಇರಿ" ಎಂದಳು. "ಆಮೇಲೂ ಬೆಳಗಿನ ಕೆಲಸ ಅವಳೇ ಮಾಡ್ಲಿ. ಅವಳ ರಜೆ ಮುಗಿಯೋವರೆಗೆ."

"ಹೂಂ."

"ಸಿಟ್ಟು ಬಂತಾ?"

"ನಿನ್ ಮೇಲಲ್ಲ."

"ಗೊತ್ತು. ಅವಳ ಮೇಲೆ. ಇರ್ಲಿ ಬಿಡಿ, ಅದನ್ನ ಬೇಡ ಅನ್ನೋಕೆ ನಾನ್ಯಾರು. ಆದ್ರೆ ಇನ್ಮೇಲೆ ಬಾಯಿಬಿಟ್ಟು ಹೇಳಿ. ಸುಮ್ನಿರೋದು ಸಾಕಾಗಿದೆ ರೀ ನಂಗೆ. ನಾಲ್ಕು ವರ್ಷ ಸುಮ್ನಿದ್ವಿ."

ಅದು ಅವಳಿಗೂ ಬೇಕಾಗಿದ್ದ ಮೌನ ಎಂದೇ ಅವನು ಇಷ್ಟು ದಿನ ತಿಳಿದಿದ್ದ. ಏನೋ ಹೇಳಲು ಹೋದ, ಅಷ್ಟರಲ್ಲಿ ಸೀನು ಬಂತು. ಫೋನನ್ನು ದೂರ ಹಿಡಿಯಲಿಲ್ಲ.

"ಇವತ್ತಿಗೆ ಎಷ್ಟನೇದು?"

"ಹನ್ನೊಂದು."

"ಹನ್ನೊಂದು" ಎಂದು ಅವಳು ಯಾರಿಗೋ ಹೇಳಿದಳು. ಹಿಂದಿನಿಂದ ನಾದಿನಿ ಏನೋ ಅಂದದ್ದು, ಟೀಚರ್ ನಕ್ಕದ್ದು ಕೇಳಿಸಿತು. ಏನಂದಳು ಎಂದು ಕೇಳಬೇಕೆನಿಸಿತು ಅವನಿಗೆ. ಒಂದು ಕ್ಷಣ ತಡೆದು, ಕೇಳಿಯೇಬಿಟ್ಟ.