ಬೀಜದ ಕುದುರೆ ಬ್ಯಾರನ್ನನ ಬೆಳ್ಳಿ ಬಟ್ಟಲು

ಬ್ರೇಡನ್ ಬಯಲಿನ ಗಂಡಸರು ಇಡೀ ವರ್ಷದಲ್ಲಿ ಶ್ರದ್ಧೆಯಿಂದ ಓದುತ್ತಿದ್ದುದು ಒಂದನ್ನೇ. ವಸಂತ ಬಂದಾಗ ಜಿಲ್ಲೆಯ ವಾರಪತ್ರಿಕೆಯ ಮೊದಲ ಪುಟದ ತುಂಬ ಹರಡಿಕೊಳ್ಳುತ್ತಿದ್ದ ಬೀಜದ ಕುದುರೆಗಳ ಜಾಹೀರಾತು. ಬೈಬಲ್ಲನ್ನು ಪಾದ್ರಿ ಓದಿ ಹೇಳಿದರೂ ನಡೆಯುತ್ತಿತ್ತು, ಇದನ್ನು ಮಾತ್ರ ತಾವೇ ಓದಬೇಕು. ನ್ಯೂಜಿಲೆಂಡಿನ ಆ ಮೂಲೆಗೆ ಹಡಗಿಳಿದು ಬಂದವರಲ್ಲಿ ತಮ್ಮ ಮುತ್ತಜ್ಜನ ಹೆಸರು ಬಲ್ಲವರು ಕಡಿಮೆ. ಕುದುರೆಯ ಮುತ್ತಜ್ಜನ ಹೆಸರು, ಅದು ಹುಟ್ಟಿದ ಲಾಯ, ಆ ಲಾಯದ ಯಜಮಾನ ಯಾವ ಡ್ಯೂಕನಿಗೆ ಏನಾಗಬೇಕು ಎಂಬುದೆಲ್ಲ ಬಾಯಿಪಾಠ.

ಎಫಿ ಗಿಲ್‌ಕ್ರಿಸ್ಟ್‌ಗೆ ಇದನ್ನು ಕಂಡರೆ ಮೈ ಉರಿಯುತ್ತಿತ್ತು. ಅವಳು ಒಳಗೆ ಬಂದ ಕೂಡಲೇ ಗಂಡ ಆರ್ಚಿ ಪತ್ರಿಕೆಯನ್ನು ಮಡಿಚಿ ತೊಡೆಯ ಕೆಳಗೆ ಇಟ್ಟುಕೊಳ್ಳುತ್ತಿದ್ದ. ಹೆಣ್ಣುಕುದುರೆಗೆ ಗಬ್ಬ ಕಟ್ಟಿಸುವ ಮಾತನ್ನು ಮರ್ಯಾದಸ್ಥ ಹೆಂಗಸು ಓದಬಾರದಂತೆ. ಮರುವಾರ ಅದೇ ಪುಟದಲ್ಲಿ ಕುರಿಮಾಂಸ ಸುತ್ತಿಡುವವಳು ಅವಳೇ ಆದ್ದರಿಂದ ಅಕ್ಷರ ಬಿಡದೆ ಓದುತ್ತಿದ್ದಳು.

ಬ್ಯಾರನ್ ಬಂದ ವರ್ಷದ ಜಾಹೀರಾತನ್ನೂ ಹಾಗೆಯೇ ಓದಿದ್ದಳು. "ಬ್ಯಾರನ್! ಡ್ಯೂಕನ ಲಾಯದಿಂದ ಸಮುದ್ರ ದಾಟಿ ಬಂದ ಶುದ್ಧ ರಕ್ತ! ಎಲುಬು ಓಕ್ ಮರದ್ದು, ಗುಣ ಕುರಿಮರಿಯದು, ನಡಿಗೆ ರಾಜನದು. ಈ ಜಿಲ್ಲೆಯ ಬಡಕಲು ಕುದುರೆಗಳಿಗೆ ಇನ್ನಾದರೂ ಒಂದು ಆಕಾರ ಬರಲೆಂದು ಶ್ರೀ ಡಿಗ್ಬಿ ಕ್ರಾನ್‌ಶಾ ಅವರು ಅಪಾರ ವೆಚ್ಚದಲ್ಲಿ ತರಿಸಿದ್ದಾರೆ. ಕಂಡ ಕಂಡ ಹೆಣ್ಣುಕುದುರೆಗಳನ್ನು ತರಬಾರದಾಗಿ ವಿನಂತಿ. ಯೋಗ್ಯವಾದುವನ್ನು ಮಾತ್ರ ಸ್ವೀಕರಿಸಲಾಗುವುದು."

ಊರವರ ಪತ್ರಿಕೆಯಲ್ಲೇ ಊರವರ ಮುಖಕ್ಕೆ ಉಗಿದಂತಿತ್ತು. ಊರವರು ಒರೆಸಿಕೊಂಡು ಖುಷಿಪಟ್ಟರು. ತನ್ನ ಕುದುರೆ ಅಯೋಗ್ಯ ಎಂದು ಯಾವ ರೈತ ಒಪ್ಪುತ್ತಾನೆ? ತನ್ನದೂ ಯೋಗ್ಯವೇ ಎಂದು ತೋರಿಸಲು ನಾ ಮುಂದು ತಾ ಮುಂದು ಎಂದು ಹೆಸರು ಕೊಟ್ಟರು. ನಾಲ್ಕು ಕಾಲಿದ್ದ ಯಾವುದನ್ನೂ ಕ್ರಾನ್‌ಶಾ ವಾಪಸು ಕಳಿಸಲಿಲ್ಲ.

ಬೀಜದ ಕುದುರೆ ಒಂದು ಕಡೆ ನಿಲ್ಲುತ್ತಿರಲಿಲ್ಲ. ನೆಡ್ ಸ್ಪ್ರಾಗ್ ಎಂಬ ಆಳು ಅದನ್ನು ಹಿಡಿದುಕೊಂಡು ಹೊಲದಿಂದ ಹೊಲಕ್ಕೆ ಸುತ್ತು ಹಾಕುತ್ತಿದ್ದ. ಗುರುವಾರ ಗಿಲ್‌ಕ್ರಿಸ್ಟ್‌ರ ಸರದಿ. ನೆಡ್ ಗೇಟಿನಲ್ಲಿ ಸಿಳ್ಳೆ ಹೊಡೆದರೆ ಮನೆಯ ಹೆಂಗಸರು ಒಳಗೆ ಹೋಗಿ ಪರದೆ ಎಳೆದುಕೊಳ್ಳಬೇಕು. ಅದು ಆ ಕಡೆಯ ಪದ್ಧತಿ, ಪಾದ್ರಿಯ ಮನೆಯಿಂದ ಹಿಡಿದು ಕಮ್ಮಾರನ ಮನೆಯವರೆಗೆ ಎಲ್ಲರೂ ಪಾಲಿಸುತ್ತಿದ್ದರು.

ಜೆಸ್ ಎಂಬ ಹೆಣ್ಣುಕುದುರೆಯನ್ನು ಪಳಗಿಸಿದವಳು ಎಫಿ. ಆರ್ಚಿಯ ಸೊಂಟ ಹಿಡಿದುಕೊಂಡಾಗಲೆಲ್ಲ ಅದರ ಹಿಂದೆ ನೇಗಿಲು ಹಿಡಿದು ಜೌಗುನೆಲ ಉತ್ತವಳೂ ಅವಳೇ. ಆದರೂ ಆ ಗುರುವಾರ ಅವಳು ಅಡುಗೆಮನೆಯಲ್ಲಿ ಪರದೆ ಎಳೆದುಕೊಂಡು ಓಟ್ಸ್ ರೊಟ್ಟಿ ತಟ್ಟುತ್ತ ಕೂತಿದ್ದಳು. ಅಂಗಳದಲ್ಲಿ ಆರ್ಚಿ ಒಬ್ಬನೇ ನಿಂತು ಬ್ಯಾರನ್ನನನ್ನು ನೋಡಿದ. ನೋಡಿದ್ದೇನು, ಜಾಹೀರಾತನ್ನು ಇನ್ನೊಮ್ಮೆ ಮನಸ್ಸಿನಲ್ಲಿ ಓದಿಕೊಂಡ. ಆ ಜಾತಿಯ ಕುದುರೆಗೆ ಮೊಣಕಾಲಿನ ಕೆಳಗೆ ಉದ್ದ ಕೂದಲು. ನೆಡ್ ಅದನ್ನು ಸೋಪು ಹಾಕಿ ತೊಳೆದು, ಬಾಚಿ, ನೆಲ ಗುಡಿಸುವಂತೆ ಬಿಟ್ಟಿದ್ದ. ಅದರ ಅಡಿಯಲ್ಲಿ ಗೊರಸು ಹೇಗಿದೆ ಎಂದು ಬಗ್ಗಿ ನೋಡುವುದು ಡ್ಯೂಕನ ಲಾಯದಿಂದ ಬಂದವನಿಗೆ ಅವಮಾನ ಎಂದು ಆರ್ಚಿಗೆ ಅನ್ನಿಸಿತು.

ಮುಂದಿನ ವಸಂತದಲ್ಲಿ ಜೆಸ್ ಮರಿ ಹಾಕಿತು. ಜೆಸ್ಸಳಿಗೆ ಅದೇ ಮೊದಲನೆಯದು. ಮರಿ ಎದ್ದು ನಿಂತಾಗ ಅದರ ಮುಂಗಾಲಿನ ಗೊರಸುಗಳು ಎರಡೂ ಒಳಕ್ಕೆ ತಿರುಗಿ ಒಂದನ್ನೊಂದು ನೋಡುತ್ತಿದ್ದವು. ನಡೆದರೆ ತನ್ನ ಕಾಲಿಗೆ ತಾನೇ ಎಡವುತ್ತಿತ್ತು. ನೇಗಿಲಿಗಂತೂ ಆಗದು, ಗಾಡಿಗೂ ಆಗದು.

ಆರ್ಚಿ ಕ್ರಾನ್‌ಶಾನ ಹತ್ತಿರ ಓಡಿದ. ಬರುವಾಗ ತಲೆ ತಗ್ಗಿಸಿಕೊಂಡು ಬಂದ.

"ಏನಂದ್ರು ನಿಮ್ಮ ಸಾಹೇಬ್ರು?" ಎಫಿ ಕೇಳಿದಳು.

"ಹೆಣ್ಣುಕುದುರೆ ರಕ್ತಾನೇ ಕೆಟ್ಟದಂತೆ ಕಣೇ. ಬ್ಯಾರನ್ ತನ್ನ ಕೈಲಾದಷ್ಟು ಮಾಡಿದ್ದಾನೆ, ಚಿನ್ನದ ಬೀಜ ತಿಪ್ಪೇಲಿ ಬಿತ್ತಿದ್ರೆ ಏನು ಬರುತ್ತೆ ಅಂದ್ರು. ಯಾರ ಹತ್ರಾನೂ ಹೇಳ್ಬೇಡ, ನಿನ್ನ ಮರ್ಯಾದೆಗೇ ಕಮ್ಮಿ ಅಂತಾನೂ ಅಂದ್ರು."

"ಎಷ್ಟು ಕರುಣೆ! ನೀವೇನಂದ್ರಿ?"

"ನಾನೇನನ್ಲಿ? ಥ್ಯಾಂಕ್ಸ್ ಅಂದೆ."

ಎಫಿಗೆ ಮಕ್ಕಳಿರಲಿಲ್ಲ. ಅದಕ್ಕೂ ಅತ್ತೆ ಕೊಟ್ಟಿದ್ದ ಕಾರಣ ಇದೇ, ಕೆಟ್ಟ ರಕ್ತ. ಆ ಮಾತು ಕೇಳಿದಾಗ ಅವಳ ಎದೆಯಲ್ಲಿ ಎದ್ದದ್ದು ದುಃಖವಲ್ಲ, ಬರೀ ಅಸಹ್ಯ. ಹೊಟ್ಟೆಯಲ್ಲಿ ಬೆಳೆದದ್ದಕ್ಕೆಲ್ಲ ಹೊಟ್ಟೆಯೇ ಹೊಣೆ ಎಂದು ನಂಬುವ ಈ ಜನ ಹೊಲಕ್ಕೆ ಗೊಡ್ಡು ಬೀಜ ಬಿದ್ದರೆ ಮಾತ್ರ ಬೀಜದ ಅಂಗಡಿಗೆ ಹೋಗಿ ಜಗಳ ಕಾಯುತ್ತಾರಲ್ಲ ಎಂದುಕೊಂಡಳು.

ಆರ್ಚಿಯ ತೀರ್ಮಾನವೂ ಆಯಿತು. ಆ ಕಡೆ ಬೇಸಿಗೆ ಮುಗಿಯುವ ಮಾರ್ಚ್‌ನಲ್ಲಿ ನಡೆಯುವ ಜಿಲ್ಲಾ ಪ್ರದರ್ಶನದ ದಿನವೇ ಜೆಸ್ಸಳನ್ನು ಕೊಬ್ಬು ಕಾಯಿಸುವ ಕಾರ್ಖಾನೆಯವನಿಗೆ ಕೊಟ್ಟುಬಿಡುವುದು. ಅಲ್ಲಿ ಕುದುರೆಯನ್ನು ಕಡಿದು ಕುದಿಸಿ, ಮೇಲೆ ತೇಲಿದ್ದನ್ನು ಸೋಪಿಗೂ ಮೇಣದಬತ್ತಿಗೂ ಮಾಡುತ್ತಿದ್ದರು. ಬದಲಿಗೆ ಕ್ರಾನ್‌ಶಾ ತೋರಿಸಿಕೊಟ್ಟ ಕುಲೀನ ಹೆಣ್ಣುಕುದುರೆ ಒಂದನ್ನು ತಂದು, ಅದನ್ನು ಮತ್ತೆ ಬ್ಯಾರನ್ನನಿಗೇ ಕೊಡಿಸುವುದು. ಎಫಿ ಬೇಡವೆಂದಳು, ಬೈದಳು, ಎರಡು ದಿನ ಒಲೆ ಹಚ್ಚಲಿಲ್ಲ. ಆರ್ಚಿ ತಣ್ಣನೆಯ ಮಾಂಸ ತಿಂದುಕೊಂಡು ತನ್ನ ಹಟ ಸಾಧಿಸಿದ.

ಅಷ್ಟರಲ್ಲಿ ಕ್ರಾನ್‌ಶಾನ ಹೊಸ ಜಾಹೀರಾತು ಬಂತು. ಬ್ಯಾರನ್ನನ ಮರಿಗಳಲ್ಲಿ ಅತ್ಯುತ್ತಮವಾದದ್ದಕ್ಕೆ ಪ್ರದರ್ಶನದಲ್ಲಿ ಬೆಳ್ಳಿ ಬಟ್ಟಲು! ಅಷ್ಟಕ್ಕೇ ನಿಲ್ಲಿಸಿದ್ದರೆ ಅವನ ಬಣ್ಣ ಬಯಲಾಗುತ್ತಿರಲಿಲ್ಲ. ಪಕ್ಕದ ಕಣಿವೆಯಲ್ಲಿ ಯಾವನೋ ಸ್ಥಳೀಯ ತಳಿಯ ಗಂಡುಕುದುರೆ ಇಟ್ಟುಕೊಂಡು ಹೆಸರು ಮಾಡುತ್ತಿದ್ದ. ಅವನ ಹೊಟ್ಟೆ ಉರಿಸಲು ತನ್ನ ಮರಿಗಳ ಮೆರವಣಿಗೆ ದೊಡ್ಡದಿರಬೇಕು ಎಂದು ಕ್ರಾನ್‌ಶಾನಿಗೆ ಆಸೆ. ಅದಕ್ಕೇ ಕೊನೆಗೆ ಒಂದು ಸಾಲು ಸೇರಿಸಿದ: ಬಹುಮಾನ ಬರಲಿ ಬಿಡಲಿ, ಮರಿಯನ್ನು ಪ್ರದರ್ಶನದ ಅಂಗಳಕ್ಕೆ ತಂದ ಪ್ರತಿಯೊಬ್ಬರಿಗೂ ಬರುವ ವಸಂತದಲ್ಲಿ ಬ್ಯಾರನ್ನನ ಸೇವೆ ಪುಕ್ಕಟೆ.

ಪುಕ್ಕಟೆ ಎಂದ ಮೇಲೆ ಕೇಳಬೇಕೆ? ಮರಿ ಸೊಟ್ಟಗಿರಲಿ, ನೆಟ್ಟಗಿರಲಿ, ಜಿಪುಣತನಕ್ಕೆ ಹೆಸರಾದ ಸ್ಕಾಟ್ಲೆಂಡಿನಿಂದ ಬಂದ ಆ ಜನ ಬಿಡುವವರಲ್ಲ.

ಪ್ರದರ್ಶನದ ದಿನ ಹೋಟೆಲಿನ ಹಿಂದಿನ ಬಯಲಿನಲ್ಲಿ ಹಗ್ಗ ಕಟ್ಟಿ ಅಂಗಳ ಮಾಡಿದ್ದರು. ಹುಲ್ಲನ್ನು ಚರ್ಮ ಹೆರೆದ ಹಾಗೆ ನುಣ್ಣಗೆ ಕತ್ತರಿಸಿದ್ದರು. ಒಂದು ಮೂಲೆಯಲ್ಲಿ ಮೇಜಿನ ಮೇಲೆ ಬಟ್ಟಲು, ಅದರ ಪಕ್ಕದಲ್ಲಿ ಹೊಸ ಟೋಪಿ ಹಾಕಿದ ಕ್ರಾನ್‌ಶಾ. ಸ್ವಲ್ಪ ದೂರದಲ್ಲಿ ಬಾಲಕ್ಕೆ ಕೆಂಪು ರಿಬ್ಬನ್ನು ಕಟ್ಟಿಸಿಕೊಂಡ ಬ್ಯಾರನ್, ಅವನ ಹಗ್ಗ ಹಿಡಿದು ಅರ್ಧ ಅಮಲಿನಲ್ಲಿದ್ದ ನೆಡ್. ಹೆಂಗಸರ ಬೆಂಚುಗಳನ್ನು ಬ್ಯಾರನ್ ಕಾಣದ ಹಾಗೆ ತಿರುಗಿಸಿ ಹಾಕಿದ್ದರು. ಮರಿಗಳನ್ನು ನೋಡಬಹುದಿತ್ತು. ಮರಿಗಳಿಂದ ಹೆಂಗಸರ ಶೀಲ ಕೆಡುವುದಿಲ್ಲ ಎಂದು ಹಿರಿಯರು ನಿರ್ಧರಿಸಿದ್ದರು.

ಹಗ್ಗದ ಆಚೆ ಕೊಬ್ಬು ಕಾಯಿಸುವವನ ಗಾಡಿ ನಿಂತಿತ್ತು. ಅವನು ಪೈಪು ಸೇದುತ್ತ, ಜೆಸ್ಸಳ ಕಡೆ ನೋಡಿ ತೂಕ ಅಂದಾಜು ಮಾಡುತ್ತಿದ್ದ. ಎಫಿ ಅವನ ಕಡೆ ನೋಡದೆ ಕೂತಳು.

ತೀರ್ಪುಗಾರ ಗಂಟೆ ಬಾರಿಸಿದ. ರೈತರು ಹೆಣ್ಣುಕುದುರೆಗಳನ್ನು ಹಿಡಿದು ಒಳಗೆ ಬಂದರು, ತಾಯಿಯ ಹಿಂದೆ ಮರಿಗಳು. ಆರ್ಚಿ ತನ್ನ ಮರಿಯ ಕಾಲು ಯಾರಿಗೂ ಕಾಣಬಾರದೆಂದು ತಾನೇ ಅಡ್ಡವಾಗಿ ನಡೆಯುತ್ತಿದ್ದ. ಅವನ ಮುಂದಿನವನೂ ಹಾಗೇ ಅಡ್ಡ ನಡೆಯುತ್ತಿದ್ದ. ಅವನ ಮುಂದಿನವನೂ. ಅಂಗಳದ ತುಂಬ ದೊಡ್ಡ ದೊಡ್ಡ ಗಂಡಸರು ಏಡಿಗಳ ಹಾಗೆ ಅಡ್ಡಡ್ಡ ನಡೆಯುವುದನ್ನು ನೋಡಿ ಎಫಿಗೆ ನಗು ಬಂತು.

ಆಮೇಲೆ ನಗು ನಿಂತಿತು. ಮುಂದಿನವನ ಮರಿ ಎಡವಿತು. ಹಿಂದಿನದೂ ಎಡವಿತು. ಕಮ್ಮಾರನ ಕಂದು ಮರಿ, ಡೇರಿಯವನ ಕಪ್ಪು ಮರಿ, ಪಾದ್ರಿ ಆಲ್ಡ್ ಸ್ವತಃ ಹಿಡಿದು ತಂದಿದ್ದ ಬಿಳಿಮೂತಿಯ ಮರಿ, ಎಲ್ಲದರ ಮುಂಗೊರಸುಗಳೂ ಒಂದನ್ನೊಂದು ನೋಡುತ್ತಿದ್ದವು. ಇಷ್ಟು ದಿನ ಒಬ್ಬೊಬ್ಬನೂ ತನ್ನದನ್ನು ಎತ್ತರದ ಹುಲ್ಲಿನಲ್ಲಿ ಬಚ್ಚಿಟ್ಟುಕೊಂಡು, ನಾಚಿಕೊಂಡು, ಬಾಯಿ ಮುಚ್ಚಿಕೊಂಡಿದ್ದ. ಈಗ ನುಣ್ಣನೆಯ ನೆಲದ ಮೇಲೆ ಎಲ್ಲ ಒಟ್ಟಿಗೆ ನಡೆಯುತ್ತಿದ್ದವು, ನಡೆಸುತ್ತಿದ್ದವರು ಮಾತ್ರ ತಂತಮ್ಮ ಮರಿಯನ್ನು ಬಿಟ್ಟು ಬೇರೆ ಕಡೆ ಕಣ್ಣೆತ್ತುತ್ತಿರಲಿಲ್ಲ.

ಎಫಿ ಹಗ್ಗದ ಕೆಳಗೆ ನುಸುಳಿ ಅಂಗಳಕ್ಕೆ ಬಂದಳು.

"ಎಫಿ! ಎಲ್ಲಿಗೆ ಬಂದೆ? ಆಚೆ ಹೋಗು!" ಎಂದ ಆರ್ಚಿ.

ಅವಳು ಕಮ್ಮಾರನ ಮುಂದೆ ನಿಂತಳು. "ನಿಮ್ಮ ಮರಿ ಹೀಗಿರೋದಕ್ಕೆ ಕ್ರಾನ್‌ಶಾ ಸಾಹೇಬ್ರು ಏನಂದ್ರು ಅಣ್ಣಾ?"

ಕಮ್ಮಾರ ಗಂಟಲು ಸರಿಮಾಡಿಕೊಂಡ. "ಏನಿಲ್ಲಮ್ಮ... ತಾಯಿ ರಕ್ತ ಸರಿಯಿಲ್ಲ ಅಂದ್ರು."

"ನಿಮಗೆ?"

"ನನಗೂ ಹಾಗೇ ಅಂದ್ರು," ಎಂದ ಡೇರಿಯವನು. "ಯಾರಿಗೂ ಹೇಳ್ಬೇಡ ಅಂದಿದ್ರು."

"ಪಾದ್ರಿಗಳೇ, ನಿಮ್ಮ ಕುದುರೆ ರಕ್ತಾನೂ ಕೆಟ್ಟಿದೆಯಾ?"

ಪಾದ್ರಿ ಆಲ್ಡ್ ಆಕಾಶ ನೋಡಿದ. ಅಲ್ಲಿಂದ ಉತ್ತರ ಬರಲಿಲ್ಲ.

ಕ್ರಾನ್‌ಶಾ ಟೋಪಿ ಸರಿಮಾಡಿಕೊಂಡು ಮುಂದೆ ಬಂದ. ಅವನ ಮುಖದಲ್ಲಿ ಭಯದ ಸುಳಿವೂ ಇರಲಿಲ್ಲ, ಈ ಜನರ ಅಳತೆ ಅವನಿಗೆ ಚೆನ್ನಾಗಿ ಗೊತ್ತಿತ್ತು. "ಮಹನೀಯರೇ, ಇದನ್ನೇ ಅಲ್ವಾ ನಾನು ಮೊದಲಿಂದ ಹೇಳ್ತಾ ಬಂದಿರೋದು? ಈ ಜಿಲ್ಲೆ ಹೆಣ್ಣುಕುದುರೆಗಳೇ ಹಾಗೆ. ಒಂದಲ್ಲ, ಎರಡಲ್ಲ, ಅಷ್ಟೂ ಹಾಗೇ. ಇವತ್ತು ನಿಮ್ಮ ಕಣ್ಣ ಮುಂದೇನೇ ಸಾಬೀತಾಯ್ತು."

ಎಫಿ ಗಂಡಸರ ಮುಖಗಳನ್ನು ನೋಡಿದಳು. ಈಗಲಾದರೂ ಯಾರಾದರೂ ನಗುತ್ತಾರೆ, ಇಲ್ಲವೇ ಕೈ ಎತ್ತುತ್ತಾರೆ ಎಂದುಕೊಂಡಿದ್ದಳು. ಇಬ್ಬರು ತಲೆಯಾಡಿಸಿದರು. ಆರ್ಚಿ ಯೋಚಿಸುವವನ ಹಾಗೆ ಗಡ್ಡ ಕೆರೆದುಕೊಂಡು, "ಅವರು ಹೇಳೋದ್ರಲ್ಲೂ ಅರ್ಥ ಇದೆ," ಎಂದ. ತಾವು ಮೋಸಹೋದೆವು ಎನ್ನುವುದಕ್ಕಿಂತ ಜಿಲ್ಲೆಯ ಕುದುರೆಗಳೆಲ್ಲ ಕೆಟ್ಟವು ಎನ್ನುವುದೇ ಅವರಿಗೆ ಹಗುರವಾಗಿತ್ತು.

ಇಂಥವರ ನಡುವೆ ಇಷ್ಟು ವರ್ಷ ಪರದೆ ಎಳೆದುಕೊಂಡು ಕೂತೆನಲ್ಲ ಎಂದು ಎಫಿಗೆ ತನ್ನ ಮೇಲೇ ಹೇಸಿಗೆಯಾಯಿತು. ನೇರವಾಗಿ ಬ್ಯಾರನ್ನನ ಕಡೆ ನಡೆದಳು. ಬೆಂಚಿನ ಮೇಲಿನ ಹೆಂಗಸರು ಅತ್ತ ತಿರುಗಿ ನೋಡಿ, ಕೂಡಲೇ ಛತ್ರಿ ಅಡ್ಡ ಹಿಡಿದರು. ನೆಡ್ ಬಾಯಿ ತೆರೆದು ನಿಂತ. ಅವಳು ಮಂಡಿಯೂರಿ, ಆ ಗಂಡುಕುದುರೆಯ ಮುಂಗಾಲಿನ ಉದ್ದ ಕೂದಲನ್ನು ಎರಡೂ ಕೈಯಿಂದ ಸರಿಸಿ ಮೇಲೆತ್ತಿ ಹಿಡಿದಳು. ಲಾಳವನ್ನು ಜಾಣತನದಿಂದ ನೇರಕ್ಕೆ ಕೂರಿಸಿದ್ದರು. ಅದರ ಮೇಲಿನ ಗೊರಸು ಒಳಕ್ಕೆ ತಿರುಗಿತ್ತು, ಮರಿಗಳದ್ದು ತಿರುಗಿದ ಹಾಗೇ.

"ಬನ್ನಿ, ನೋಡಿ!" ಎಂದು ಕೂಗಿದಳು. "ಓದಿದ್ದು ಸಾಕು, ಒಂದು ಸಲ ನೋಡಿ!"

ಕಮ್ಮಾರ ಬಂದು ನೋಡಿದ. ಡೇರಿಯವನು ನೋಡಿದ. ಒಬ್ಬೊಬ್ಬರಾಗಿ ಎಲ್ಲರೂ ಬಗ್ಗಿ ನೋಡಿದರು. ಮೊದಲು ಬಾಯಿ ತೆರೆದವನು ಪಾದ್ರಿ ಆಲ್ಡ್. "ಗಿಲ್‌ಕ್ರಿಸ್ಟ್, ನಿನ್ನ ಹೆಂಡತಿ ಎಲ್ಲರೆದುರಿಗೆ ಗಂಡುಕುದುರೆ ಮೈ ಮುಟ್ಟಿದ್ದಾಳಲ್ಲಪ್ಪ!"

ಎಲ್ಲರಿಗೂ ಹೋದ ಜೀವ ಬಂದಂತಾಯಿತು. ಸೊಟ್ಟ ಗೊರಸಿನ ಬಗ್ಗೆ ಏನು ಹೇಳಬೇಕೆಂದು ತಿಳಿಯದೆ ಒದ್ದಾಡುತ್ತಿದ್ದವರಿಗೆ ಇದರ ಬಗ್ಗೆ ಹೇಳುವುದಕ್ಕೆ ಬೇಕಾದಷ್ಟಿತ್ತು. ಛೆ ಛೆ ಎಂದರು, ಕಾಲ ಕೆಟ್ಟಿತು ಎಂದರು, ನಮ್ಮ ಮನೆಯ ಹೆಂಗಸರು ಹೀಗಿಲ್ಲಪ್ಪ ಎಂದರು. ಕ್ರಾನ್‌ಶಾ ಸಮಯ ನೋಡಿ ದನಿ ಎತ್ತರಿಸಿದ. "ನನ್ನ ಕುದುರೆಗೆ, ನನಗೆ, ಈ ಸಭೆಗೆ ಅವಮಾನ ಆಗಿದೆ. ಕ್ಷಮೆ ಕೇಳ್ಬೇಕು."

"ಕೇಳ್ಬಿಡೇ," ಆರ್ಚಿ ಹತ್ತಿರ ಬಂದು ಗೋಗರೆದ. "ಕೈ ಮುಗಿದು ಕೇಳ್ತೀನಿ, ಒಂದು ಮಾತು ಹೇಳಿ ಮುಗಿಸ್ಬಿಡು. ತಲೆ ಎತ್ಕೊಂಡು ತಿರುಗೋದು ಹೇಗೆ ನಾನು? ನೀನು ಕೇಳು, ಜೆಸ್ಸಾನ ಕೊಡಲ್ಲ. ಆಣೆ."

"ಆಣೇನಾ?"

"ದೇವರಾಣೆ."

"ಎಲ್ರಿಗೂ ಕೇಳೋ ಹಾಗೆ ಹೇಳಿ."

ಆರ್ಚಿ ಕೊಬ್ಬು ಕಾಯಿಸುವವನ ಕಡೆ ತಿರುಗಿ, ಕುದುರೆ ಮಾರಾಟಕ್ಕಿಲ್ಲ ಎಂದು ಕೂಗಿದ. ಅವನು ಪೈಪು ಕೊಡವಿಕೊಂಡು ಗಾಡಿ ಹತ್ತಿದ.

ಎಫಿ ಎದ್ದು ಲಂಗದ ಧೂಳು ಕೊಡವಿದಳು. ಕ್ರಾನ್‌ಶಾ ಎದೆಯುಬ್ಬಿಸಿ, ಟೋಪಿ ತೆಗೆದು, ಕ್ಷಮೆ ಸ್ವೀಕರಿಸಲು ಸಿದ್ಧನಾಗಿ ನಿಂತ. ಅವಳು ಅವನನ್ನು ದಾಟಿಕೊಂಡು ಹೋಗಿ ಬ್ಯಾರನ್ನನ ಮುಂದೆ ನಿಂತಳು. ಅದರ ದೊಡ್ಡ ಮೂತಿಯನ್ನು ಎರಡು ಕೈಯಲ್ಲಿ ಹಿಡಿದುಕೊಂಡಳು.

"ತಪ್ಪಾಯ್ತಪ್ಪಾ ಮಗನೇ," ಎಂದಳು, ಕೊನೆಯ ಬೆಂಚಿನವರಿಗೂ ಕೇಳುವಷ್ಟು ಗಟ್ಟಿಯಾಗಿ. "ಎಲ್ಲರೆದುರಿಗೆ ನಿನ್ನ ಕಾಲು ತೋರಿಸಿ ಮರ್ಯಾದೆ ಕಳೆದೆ. ಸೊಟ್ಟಗೆ ಹುಟ್ಟಿದ್ದು ನಿನ್ನ ತಪ್ಪಲ್ಲ. ನೀನೇನು ಪತ್ರಿಕೇಲಿ ಬರೆಸ್ದೋನಲ್ಲ, ಅದನ್ನ ನಂಬ್ದೋನೂ ಅಲ್ಲ. ಈ ಅಂಗಳದಲ್ಲಿ ಕ್ಷಮೆ ಕೇಳೋಕೆ ಯೋಗ್ಯ ಅಂತ ಇರೋನು ನೀನೊಬ್ಬನೇ."

ಬ್ಯಾರನ್ ಅವಳ ತೋಳಿಗೆ ಮೂತಿ ಉಜ್ಜಿತು. ಎಫಿ ಗಂಡನ ಕೈಯಿಂದ ಜೆಸ್ಸಳ ಹಗ್ಗ ಬಿಡಿಸಿಕೊಂಡು, ಮರಿ ಎಡವದ ಹಾಗೆ ಮೆಲ್ಲಗೆ ನಡೆಸಿಕೊಂಡು ಹೊರಟಳು. ಅಂಗಳದ ಗಂಡಸರು ಎರಡು ಕಡೆ ಸರಿದು ದಾರಿ ಬಿಟ್ಟರು.